ಉದ್ಘಾಟನೆಗೆ ಕಾದ ಕೌದಿಗಳು

ನಮ್ಮ ಶಿಕ್ಷಕಿಯರ ಸಂಘದಲ್ಲಿ ಯಾರಿಗೆ ಏನೇ ಆಗಲಿ, ಅದಕ್ಕೆ ಉತ್ತರ ಒಂದೇ: ಶಾಲು. ನಿವೃತ್ತರಾದರೆ ಶಾಲು, ವರ್ಗವಾಗಿ ಹೋದರೆ ಶಾಲು, ಬಂದರೆ ಶಾಲು. ಮುನಿಸಿಕೊಂಡು ಸಭೆಗೆ ಬರುವುದನ್ನೇ ಬಿಟ್ಟವರಿಗೆ ಇನ್ನೂ ಅಗಲವಾದ ಶಾಲು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಶಿಕ್ಷಕಿಯರು, ಕೆಲಸದಲ್ಲಿರುವವರು, ನಿವೃತ್ತರು ಎಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸೇರುತ್ತೇವೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಗಿಯುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಎದ್ದು ‘ಈಗ ಸನ್ಮಾನ’ ಎನ್ನುತ್ತಾರೆ. ಯಾರಿಗೆ ಎಂಬುದು ಆಮೇಲೆ ನಿರ್ಧಾರವಾಗುತ್ತದೆ.

ಕೊಟ್ಟೂರಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಈ ಸಂಘದ ಅಧ್ಯಕ್ಷೆ. ಯೋಗ್ಯತೆ ನೋಡಿ ಆರಿಸಿದರೆಂದು ಬಹಳ ದಿನ ನಂಬಿದ್ದೆ. ಅಧ್ಯಕ್ಷರನ್ನು ಆರಿಸಿದ ದಿನ ಸಭೆಗೆ ಬಾರದೆ ಉಳಿದವಳು ನಾನೊಬ್ಬಳೇ, ಬೇಡವೆನ್ನಲು ಬಾಯಿ ಇಲ್ಲದವಳೂ ನಾನೊಬ್ಬಳೇ ಎಂಬುದು ನಂತರ ತಿಳಿಯಿತು. ಕಾರ್ಯದರ್ಶಿ ನಮ್ಮ ಓಣಿಯವಳೇ, ಗಣಿತದ ಶಿಕ್ಷಕಿಯಾಗಿದ್ದವಳು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಮುಂದೆ ಮೈಕು ಇದ್ದರೆ ನನ್ನನ್ನು ‘ಮಾನ್ಯ ಅಧ್ಯಕ್ಷರೇ’ ಎನ್ನುತ್ತಾಳೆ, ಇಲ್ಲದಿದ್ದರೆ ‘ಲೇ’.

ಕೌದಿಯ ಯೋಚನೆ ಹುಟ್ಟಿದ್ದು ಒಂದು ಸಾರಿನ ಕಲೆಯಿಂದ. ಕೂಡ್ಲಿಗಿಯಲ್ಲಿ ನನಗೆ ಹೊದಿಸಿದ ಶಾಲಿನ ಮೇಲೆ ಊಟದ ಹೊತ್ತಿನಲ್ಲಿ ಸಾರು ಚೆಲ್ಲಿಕೊಂಡಿದ್ದೆ. ಕಲೆ ಒಳಗೆ ಬರುವಂತೆ ಜಾಣತನದಿಂದ ಮಡಿಚಿ, ಹಗರಿಬೊಮ್ಮನಹಳ್ಳಿಯ ಒಬ್ಬರಿಗೆ ಅದನ್ನೇ ಹೊದಿಸಿ ಕೈಮುಗಿದಿದ್ದೆ. ಮುಂದಿನ ವರ್ಷ ಹಡಗಲಿಯ ವೇದಿಕೆಯ ಮೇಲೆ ಅದೇ ಶಾಲು ನನ್ನ ಹೆಗಲಿಗೆ ಬಂದು ಕೂತಿತು, ಸಾರಿನ ಕಲೆ ಸಮೇತ. ಕೆಳಗಿಳಿದು ಕಾರ್ಯದರ್ಶಿಗೆ ತೋರಿಸಿದೆ.

‘ಲೇ, ನಿನ್ನ ಶಾಲು ಐದು ತಾಲ್ಲೂಕು ತಿರುಗಿ ಬಂದೈತಿ. ನಮ್ಮನಿಯಾಗೂ ಇಂಥವು ಗಂಟುಗಟ್ಟಲೆ ಅದಾವ. ಇವನ್ನ ಹಚ್ಚಿ ಕೌದಿ ಹೊಲಿದ್ರ ಯಾರರ ಹೊದ್ಕಂಡಾರು’ ಎಂದಳು.

ಹೊದ್ದುಕೊಳ್ಳುವವರು ಯಾರೆಂದು ಹುಡುಕಬೇಕಾಗಲಿಲ್ಲ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ದಾರಿಯ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಅಲ್ಲಿಯ ವಾರ್ಡನ್ ನನ್ನ ಹಳೆಯ ವಿದ್ಯಾರ್ಥಿನಿ. ಮಕ್ಕಳ ಹೊದಿಕೆಗಳು ಸವೆದು ಜಾಳಾಗಿವೆ, ಹೊಸವು ಬರುವುದು ತಡ ಎಂದು ಆಗಲೇ ಹೇಳಿದ್ದಳು. ನಾವು ಕೌದಿಯ ಮಾತು ತೆಗೆದಾಗ ಇನ್ನೊಂದು ವಿಷಯವನ್ನೂ ಹೇಳಿದಳು. ಅದೇ ತಾಲ್ಲೂಕಿನ ಹಲವಾಗಲಿನಿಂದ ಬಂದು ಎಂಟನೇ ತರಗತಿ ಓದುತ್ತಿರುವ ಒಬ್ಬ ಹುಡುಗಿಯ ವಿಷಯ.

‘ರಾತ್ರಿ ಚಳಿಗೆ ಕೆಮ್ಮು ಹತ್ತಿದ್ರ ನಿಲ್ಲಂಗಿಲ್ರಿ ಅಕ್ಕೋರೆ. ಡಾಕ್ಟ್ರಿಗೆ ತೋರಿಸಿವಿ. ಎದಿ ಚಲೋ ಐತಿ, ಬೆಚ್ಚಗ ಮಲಗಿಸ್ರಿ ಸಾಕು ಅಂದಾರ. ಅವರಪ್ಪ ಕೇಳವಲ್ಲ. ಹಿಂಗ ಆದ್ರ ಕರಕಂಡು ಹೋಗ್ತೀನಿ, ಚಳಿ ಹೋದ ಮ್ಯಾಗ ಕಳಸ್ತೀನಿ ಅಂತಾನ.’

ಚಳಿ ಹೋದ ಮೇಲೆ ಕಳಿಸುತ್ತೇನೆ ಎಂಬ ಮಾತಿನ ಅರ್ಥ ನಮ್ಮ ಸಂಘದಲ್ಲಿ ಎಲ್ಲರಿಗೂ ಗೊತ್ತು. ಚಳಿ ಹೋದ ಮೇಲೆ ಹೊಲದ ಕೆಲಸ ಬರುತ್ತದೆ, ಅದು ಮುಗಿದರೆ ತಾಯಿಯ ಬಾಣಂತನ, ಆಮೇಲೆ ಯಾರೋ ಹೆಣ್ಣು ನೋಡಲು ಬರುತ್ತಾರೆ. ನಡುವರ್ಷದಲ್ಲಿ ಪೆಟ್ಟಿಗೆ ಹೊತ್ತು ಮನೆಗೆ ಹೋದ ಹುಡುಗಿ ತಿರುಗಿ ಬಂದದ್ದನ್ನು ನಾನಂತೂ ಕಂಡದ್ದು ಕಡಿಮೆ. ಹಾಗಾಗಿ ಚಳಿ ಏರುವ ಮೊದಲೇ ಕೌದಿ ಮುಗಿಸಬೇಕೆಂದು ಸಭೆಯಲ್ಲಿ ಠರಾವು ಮಾಡಿದೆವು. ಠರಾವು ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಹೊಲಿಗೆ ಶುರುವಾಯಿತು. ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಶಾಲು ಹರಡಿ, ಸುತ್ತ ಕೂತು ದಬ್ಬಣದಂಥ ಸೂಜಿಯಿಂದ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಹೋಗುವುದು. ನಮ್ಮಜ್ಜಿ ಇದನ್ನು ಮಾತಾಡುತ್ತ, ಎಲೆಅಡಿಕೆ ಹಾಕಿಕೊಳ್ಳುತ್ತ, ಮೊಮ್ಮಕ್ಕಳನ್ನು ಬೈಯುತ್ತ ಮಾಡುತ್ತಿದ್ದಳು. ನಾವು ಮಾಡಿದ್ದು ಶಿಕ್ಷಕಿಯರ ಪದ್ಧತಿಯಲ್ಲಿ. ಕಾರ್ಯದರ್ಶಿ ಸ್ಕೇಲು, ಸೀಮೆಸುಣ್ಣ ತಂದು ಶಾಲಿನ ಮೇಲೆ ಗೆರೆ ಎಳೆದಳು. ಗೆರೆ ಬಿಟ್ಟು ಹೊರಗೆ ಹೋದ ಹೊಲಿಗೆಯನ್ನು ಬಿಚ್ಚಿಸಿದಳು. ಒಬ್ಬರು ಹೊಲಿದದ್ದನ್ನು ಇನ್ನೊಬ್ಬರು ತಿದ್ದುವುದು, ತಿದ್ದಿದವರನ್ನು ಮತ್ತೊಬ್ಬರು ತಿದ್ದುವುದು. ನಮ್ಮ ಪಡಸಾಲೆಯಲ್ಲಿ ಮೌಲ್ಯಮಾಪನ ಕೇಂದ್ರ ತೆರೆದಂತಿತ್ತು. ನಾನು ಅದರ ನಡುವೆ ಕೂತು ನಮ್ಮಜ್ಜಿಯ ಕಥೆ ಹೇಳುತ್ತ ಭರದಿಂದ ಹೊಲಿದೆ. ಚಹಾ ಮಾಡಲು ಎದ್ದಾಗ ಕೌದಿಯೂ ನನ್ನ ಹಿಂದೆಯೇ ಅಡುಗೆಮನೆಗೆ ಹೊರಟಿತು. ನನ್ನ ಸೆರಗನ್ನೂ ಸೇರಿಸಿ ಹೊಲಿದಿದ್ದೆ.

‘ಬಿಚ್ಚಬ್ಯಾಡ್ರಿ, ಅಧ್ಯಕ್ಷರನ್ನೂ ಮಡಿಚಿ ಕೊಟ್ಟುಬಿಡಾನು, ಹಾಸ್ಟೆಲಿಗೆ ಮಾತಿನವರು ಬೇಕಾಗ್ತಾರ’ ಎಂದಳು ಕಾರ್ಯದರ್ಶಿ.

ಅಂತೂ ಕೌದಿಗಳು ಚಳಿಗಿಂತ ಮೊದಲೇ ಸಿದ್ಧವಾದವು. ಉಳಿದ ಊರುಗಳಿಂದಲೂ ಗಂಟು ಕಟ್ಟಿ ನಮ್ಮ ಮನೆಗೆ ಕಳಿಸಿದರು. ಮರುದಿನವೇ ಒಂದು ಗಾಡಿಗೆ ಹಾಕಿ ಕಳಿಸಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೆ ಕಾರ್ಯಕ್ರಮವಿಲ್ಲದೆ ಕೊಡುವುದು ಹೇಗೆ? ಕಪ್ಪುಹಲಗೆಗೆ ಬಣ್ಣ ಹಚ್ಚಿದರೂ ಟೇಪು ಕತ್ತರಿಸಿ ಬದುಕಿದವರು ನಾವು. ಕಾರ್ಯಕ್ರಮ ಎಲ್ಲಿ ಎಂಬುದೇ ಮೊದಲ ಜಗಳ. ಹೆಚ್ಚು ಶಾಲು ಕೊಟ್ಟವರು ನಾವು ಎಂದು ಹಡಗಲಿಯವರು, ಹೆಚ್ಚು ಹೊಲಿದವರು ನಾವು ಎಂದು ಕೂಡ್ಲಿಗಿಯವರು. ಬಸ್ಸು ನಮ್ಮೂರಿಗೇ ಅನುಕೂಲ ಎಂದು ಹಗರಿಬೊಮ್ಮನಹಳ್ಳಿಯವರು ಹೇಳಿದರು. ಮಕ್ಕಳು ನಮ್ಮ ತಾಲ್ಲೂಕಿನಲ್ಲಿ ಮಲಗುವುದು ಎಂದು ಹರಪನಹಳ್ಳಿಯವರು ಗೆದ್ದರು. ಆಮೇಲೆ ಫ್ಲೆಕ್ಸಿನಲ್ಲಿ ಯಾರ ಫೋಟೊ ಯಾರ ಪಕ್ಕ ಎಂಬ ಚರ್ಚೆ. ಕೊನೆಗೆ ಮುಖ್ಯ ಅತಿಥಿ. ದೊಡ್ಡವರೊಬ್ಬರನ್ನು ಕೇಳಿದೆವು, ಅವರು ಒಪ್ಪಿದರು, ದಿನಾಂಕ ಮಾತ್ರ ಕೊಡಲಿಲ್ಲ. ಇವತ್ತು ನಾಳೆ ಎನ್ನುತ್ತ ವಾರಗಳು ಕಳೆದವು. ಚಳಿಗೆ ಯಾರ ದಿನಾಂಕವೂ ಬೇಕಿರಲಿಲ್ಲ, ಅದು ಬಂದೇಬಿಟ್ಟಿತು.

ಕೌದಿಗಳು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದವು. ಒಂದು ಮಧ್ಯಾಹ್ನ ನೋಡಿದರೆ ನಮ್ಮ ಮನೆಯವರು ಅದರಲ್ಲೊಂದನ್ನು ಹೊದ್ದು ಗೊರಕೆ ಹೊಡೆಯುತ್ತಿದ್ದರು. ಕಿತ್ತುಕೊಂಡೆ.

‘ಚಳಿ ಆಗೈತಿ ಮಾರಾಯ್ತಿ’ ಎಂದರು.

‘ಇನ್ನೂ ಉದ್ಘಾಟನಿ ಆಗಿಲ್ಲ’ ಎಂದೆ. ಈಗ ಬರೆಯುವಾಗ ನಗು ಬರುತ್ತದೆ, ಆಗ ಬಂದಿರಲಿಲ್ಲ. ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡೆ. ವಾರ್ಡನ್ ಎರಡು ಮೂರು ಸಲ ಫೋನು ಮಾಡಿದಳು. ‘ದಿನಾಂಕ ಬರ್ಲಿ ತಾಯಿ, ಛಂದಗ ಮಾಡಾನು’ ಎಂದೆ. ಈ ನಡುವೆ ಕೌದಿ ಮತ್ತು ನಮ್ಮ ಸಂಸ್ಕೃತಿ ಎಂಬ ವಿಷಯದ ಮೇಲೆ ನನ್ನ ಭಾಷಣವೂ ಸಿದ್ಧವಾಗಿ, ದಿನದಿನಕ್ಕೆ ಬೆಳೆಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಫ್ಲೆಕ್ಸು ಎಲ್ಲಿ ಕಟ್ಟಬೇಕೆಂದು ನೋಡಿ ಬರಲು ನಾನೊಬ್ಬಳೇ ಬಸ್ಸು ಹತ್ತಿ ಹಾಸ್ಟೆಲಿಗೆ ಹೋದೆ. ಹೊರಜಗಲಿಯ ಮೇಲೆ ತಗಡಿನ ಪೆಟ್ಟಿಗೆ, ಅದರ ಮೇಲೆ ಒಬ್ಬ ಸಣ್ಣ ಹುಡುಗಿ, ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತ ಒಬ್ಬ ಗಂಡಸು. ಹುಡುಗಿ ಬಾಯಿಗೆ ಬಟ್ಟೆ ಹಿಡಿದು ಕೆಮ್ಮುತ್ತಿದ್ದಳು. ಹೇಳುವುದಕ್ಕೆ ಮೊದಲೇ ಯಾರೆಂದು ತಿಳಿಯಿತು. ವಾರ್ಡನ್ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನ ಮುಖ ನೋಡಲಿಲ್ಲ.

ಮಾತು ನನ್ನ ಕಸುಬು. ಆ ತಂದೆಯ ಮುಂದೆ ನಿಂತು ಶುರುಮಾಡಿದೆ. ಹೆಣ್ಣುಮಕ್ಕಳ ಓದು, ಮುಂದಿನ ಬಾಳು, ಒಂದು ವರ್ಷ ತಪ್ಪಿದರೆ ಏನೇನು ತಪ್ಪುತ್ತದೆ ಎಲ್ಲ ಹೇಳಿದೆ. ಅವನು ಮರ್ಯಾದೆಯಿಂದ, ಟವೆಲ್ಲು ಕೈಯಲ್ಲಿ ಹಿಡಿದು ಪೂರಾ ಕೇಳಿದ.

‘ಖರೇನ ಐತ್ರಿ ಅಕ್ಕೋರೆ ನೀವು ಹೇಳೋದು. ಆದ್ರ ಇವತ್ತು ರಾತ್ರಿ ಹೊದ್ಕಣಾಕ ಏನೈತಿ, ಅದನ್ನ ಹೇಳ್ರಿ.’

‘ಕೌದಿ ಅದಾವಪ್ಪ. ಎಲ್ಲಾ ಹುಡಿಗೇರಿಗೂ ಹೊಲಿದೀವಿ.’

‘ಎಲ್ಲಿ ಅದಾವ್ರಿ?’

‘ಕೊಟ್ಟೂರಾಗ. ನಮ್ಮನಿ ಕೋಣಿಯಾಗ, ಬೀಗ ಹಾಕಿ ಭದ್ರ ಇಟ್ಟೀನಿ.’

‘ಕೋಣಿಗೆ ಚಳಿ ಆಗ್ತೈತೇನ್ರಿ?’ ಎಂದ.

ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದಂತಿತ್ತು. ಹುಡುಗಿ ಮತ್ತೆ ಕೆಮ್ಮಿದಳು. ‘ನಿಮ್ಮ ಬಸ್ಸು ಎಷ್ಟೊತ್ತಿಗೆ?’ ಎಂದು ಕೇಳಿದೆ. ಸಂಜೆಯದು ಎಂದ. ‘ಅಲ್ಲೀ ತನಕ ಕುಂದರ್ರಿ. ಕೌದಿ ಬರಲಿಲ್ಲಂದ್ರ ಪೆಟಿಗಿ ನಾನೇ ಹೊತ್ತು ಬಸ್ಸಿಗೆ ಹಾಕ್ತೀನಿ’ ಎಂದು ಅಂಗಳಕ್ಕೆ ಬಂದು ಕಾರ್ಯದರ್ಶಿಗೆ ಫೋನು ಹಚ್ಚಿದೆ.

‘ಎಲ್ಲಾ ಕೌದಿ ಗಾಡಿಗೆ ಹಾಕ್ಕೊಂಡು ಈಗಿಂದೀಗ ಬಾ.’

‘ಅತಿಥಿಗಳು ಡೇಟು ಕೊಟ್ರೇನಲೇ?’

‘ಇಲ್ಲ. ಆ ಹುಡಿಗಿ ಪೆಟಿಗಿ ಮ್ಯಾಲೆ ಕುಂತಾಳ.’

‘ಹೊಂಟೆ’ ಎಂದು ಫೋನಿಟ್ಟಳು. ಸ್ವಲ್ಪ ಹೊತ್ತಿಗೆ ತಿರುಗಿ ಅವಳದೇ ಫೋನು.

‘ಲೇ, ಕೋಣಿಗೆ ಬೀಗ ಐತಲ್ಲ! ಕೀಲಿ ಎಲ್ಲಿ?’

ಬ್ಯಾಗಿನಲ್ಲಿ ಕೈಹಾಕಿದೆ. ಬೀಗದ ಕೈ ತಣ್ಣಗೆ ಬೆರಳಿಗೆ ಸಿಕ್ಕಿತು. ನಾನು ಹರಪನಹಳ್ಳಿ ತಾಲ್ಲೂಕಿನಲ್ಲಿ, ಬೀಗ ಕೊಟ್ಟೂರಿನಲ್ಲಿ.

‘ನನ್ನ ಕಡೀನ ಐತಿ’ ಎಂದೆ ಮೆಲ್ಲಗೆ.

‘ಭೇಷ್! ಸಾಲಿ ಸ್ಟಾಕ್ ರೂಮು ಕಾಯ್ದಂಗ ಕಾಯ್ದೀಯಲ್ಲ. ಒಡೀತೀನಿ ನೋಡು.’

ಅವಳು ಫೋನು ಇಡದೆ ಹಾಗೇ ಬಿಟ್ಟಿದ್ದಳು. ರುಬ್ಬುವ ಒಳಕಲ್ಲಿನ ಗುಂಡು ಎಲ್ಲಿದೆ ಎಂದು ಅವಳು ಕೇಳಿದ್ದು, ನಮ್ಮ ಮನೆಯವರು ಉತ್ಸಾಹದಿಂದ ‘ಕೊಡ್ರಿ ಇಲ್ಲಿ, ನಾನು ಒಡೀತೀನಿ’ ಎಂದದ್ದು, ಆಮೇಲೆ ಧಡ್ ಧಡ್ ಎಂದದ್ದು ಎಲ್ಲ ಕೇಳಿಸಿತು. ಮದುವೆಯಾದಾಗಿನಿಂದ ಅವರು ಮನೆಗೆಲಸಕ್ಕೆ ಅಷ್ಟು ಚುರುಕಾಗಿ ಎದ್ದದ್ದು ನನಗೆ ನೆನಪಿಲ್ಲ.

ಭಾನುವಾರ ಲಗೇಜು ಆಟೋ ಸಿಗುವುದು ಕಷ್ಟ. ಮಧ್ಯಾಹ್ನದ ಊಟವಾಯಿತು, ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ತಂದೆ ಒಮ್ಮೆ ದಾರಿ ನೋಡುತ್ತಿದ್ದ, ಒಮ್ಮೆ ಹೊತ್ತು ನೋಡುತ್ತಿದ್ದ. ನನಗೂ ಅದೇ ಕೆಲಸ. ಹುಡುಗಿ ಮಾತ್ರ ಯಾರ ಮುಖವನ್ನೂ ನೋಡದೆ ಪೆಟ್ಟಿಗೆಯ ಚಿಲಕವನ್ನು ಎತ್ತುತ್ತ ಹಾಕುತ್ತ ಇದ್ದಳು. ‘ನಿನಗ ಹೋಗಬೇಕೇನವ್ವ?’ ಎಂದು ಮೆಲ್ಲಗೆ ಕೇಳಿದೆ. ತಲೆ ಎತ್ತದೆ ಅಡ್ಡಡ್ಡ ಆಡಿಸಿದಳು. ಕೊನೆಗೆ ತಂದೆ ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಅವನು ಬಗ್ಗಿ ಪೆಟ್ಟಿಗೆಗೆ ಕೈ ಹಾಕುವಾಗ ತಿರುವಿನಲ್ಲಿ ಆಟೋದ ಸದ್ದಾಯಿತು. ಹಿಂದೆ ಕೌದಿಗಳ ಗುಡ್ಡ, ಅದರ ಮೇಲೆ ಮಹಾರಾಣಿಯ ಹಾಗೆ ನಮ್ಮ ಕಾರ್ಯದರ್ಶಿ. ಮುಂದೆ ಜಾಗವಿರಲಿಲ್ಲವಂತೆ.

ಹುಡುಗಿಯರೇ ಓಡಿಬಂದು ಗಂಟು ಇಳಿಸಿದರು. ತಂದೆ ಒಂದು ಕೌದಿ ಎತ್ತಿ ತೂಗಿ ನೋಡಿದ, ಅಂಗೈಯಿಂದ ಒತ್ತಿದ, ಅಂಚು ಜಗ್ಗಿದ. ಅದು ಕಾರ್ಯದರ್ಶಿ ಗೆರೆ ಎಳೆದದ್ದೋ ನಾನು ಸೆರಗು ಸೇರಿಸಿದ್ದೋ ಎಂದು ನನಗೆ ಪರೀಕ್ಷೆಯ ಭಯ. ಅವನು ಅದನ್ನು ಮಗಳಿಗೆ ಕತ್ತಿನ ತನಕ ಸುತ್ತಿ, ಒಳಗಿನ ಸಭಾಂಗಣದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ. ಪೆಟ್ಟಿಗೆ ಇನ್ನೂ ಜಗಲಿಯ ಮೇಲೇ ಇತ್ತು. ಬಿಡುತ್ತಾನೋ ಒಯ್ಯುತ್ತಾನೋ ಕೇಳಲು ನನಗೆ ಧೈರ್ಯವಾಗಲಿಲ್ಲ.

ಧೈರ್ಯವಿಲ್ಲದಾಗ ನಾನು ಮಾಡುವ ಕೆಲಸ ಒಂದೇ. ‘ಎರಡು ಮಾತು ಆಡ್ಲೇನ?’ ಎಂದು ವಾರ್ಡನ್ನನ್ನು ಕೇಳಿದೆ.

‘ಎರಡಕ್ಕ ನಿಂತಾವೇನಲೇ ನಿನ್ನವು?’ ಎಂದಳು ಕಾರ್ಯದರ್ಶಿ.

ಹುಡುಗಿಯರು ಕೌದಿ ಹೊದ್ದು ನೆಲದ ಮೇಲೆ ಕೂತರು. ನಾನು ಸಂಸ್ಕೃತಿಯಿಂದ ಶುರುಮಾಡಿದೆ. ನಮ್ಮಜ್ಜಿಯ ತನಕ ಬರುವಾಗ ಹಿಂದಿನ ಸಾಲು ಒರಗಿತ್ತು. ಅಜ್ಜಿಯ ಸೂಜಿಯ ತನಕ ಬರುವಾಗ ನಡುವಿನ ಸಾಲು. ತರಗತಿಯಲ್ಲಿ ಮಕ್ಕಳು ತೂಕಡಿಸಿದ್ದು ನನಗೆ ಹೊಸದಲ್ಲ. ಆದರೆ ಹಾಗೆ ಇಡೀ ಕೋಣೆ ಒಟ್ಟಿಗೆ, ಒಂದು ಚೂರೂ ನಾಚಿಕೆಯಿಲ್ಲದೆ ಮಲಗಿದ್ದನ್ನು ಕಂಡಿರಲಿಲ್ಲ. ಎಷ್ಟು ರಾತ್ರಿಗಳ ನಿದ್ದೆ ಬಾಕಿಯಿತ್ತೋ. ನನಗೂ ಹಟ, ದನಿ ಏರಿಸಿದೆ.

‘ಸಣ್ಣಗ ಮಾತಾಡ್ರಿ ಅಕ್ಕೋರೆ’ ಎಂದ ಆ ತಂದೆ, ಗೋಡೆಯ ಪಕ್ಕದಿಂದ, ಉಸಿರಿನಲ್ಲಿ. ‘ಮಲಗ್ಯಾಳ.’

ನೋಡಿದೆ. ಕೌದಿಯೊಳಗಿನಿಂದ ಬರೀ ಮೂಗು, ಹಣೆ ಕಾಣುತ್ತಿತ್ತು. ಕೆಮ್ಮು ಇರಲಿಲ್ಲ.

ಅವನು ಎದ್ದು ಹೊರಗೆ ಹೋದ. ಪೆಟ್ಟಿಗೆ ಹೊತ್ತು ಒಳಗೆ ಬಂದ. ಮಲಗಿದ ಮಕ್ಕಳ ಸಾಲುಗಳ ನಡುವೆ ತುದಿಗಾಲಿನಲ್ಲಿ ನಡೆದು, ಅವರ ಪೆಟ್ಟಿಗೆಗಳಿರುವ ಒಳಕೋಣೆಯಲ್ಲಿ ಸದ್ದಾಗದಂತೆ ಇಳಿಸಿದ. ನನಗೂ ಕಾರ್ಯದರ್ಶಿಗೂ ಕೈಮುಗಿದು, ಬರಿಗೈಯಲ್ಲಿ ಬಸ್ಸಿನ ಕಡೆ ಹೊರಟ. ನಾನು ನಡುವಾಕ್ಯದಲ್ಲಿ ಬಾಯಿ ಮುಚ್ಚಿ ನಿಂತಿದ್ದೆ. ಉಳಿದ ಭಾಷಣ ಇನ್ನೂ ನನ್ನ ಹತ್ತಿರವೇ ಇದೆ. ಈ ತನಕ ಯಾರೂ ಕೇಳಿಲ್ಲ.