ಪಕ್ಕದ ಮನೆಯ ನೀಲಿ ದೀಪ

ವಯಸ್ಸಾದ ಮೇಲೆ ಡಾಕ್ಟರ ಹತ್ತಿರ ಹೋದರೆ ಬಿಪಿ ಇದೆಯಾ, ಶುಗರ್ ಇದೆಯಾ, ನಿದ್ದೆ ಬರುತ್ತದಾ ಅಂತೆಲ್ಲ ಕೇಳುತ್ತಾರೆ. ಹೊಟ್ಟೆಕಿಚ್ಚು ಇದೆಯಾ ಅಂತ ಮಾತ್ರ ಇದುವರೆಗೆ ಯಾವ ಡಾಕ್ಟರೂ ಕೇಳಿಲ್ಲ. ಕೇಳಿದ್ದರೆ ಸಂಕೋಚವಿಲ್ಲದೆ ಹೇಳುತ್ತಿದ್ದೆ: ಇದೆ ಸಾಹೇಬರೇ, ಊಟಕ್ಕೆ ಮುಂಚೆಯೂ ಇರುತ್ತದೆ, ಊಟವಾದ ಮೇಲೂ ಇರುತ್ತದೆ. ಕಳೆದ ಬೇಸಿಗೆಯಲ್ಲಿ ಅದು ವಿಪರೀತ ಏರಿತ್ತು. ಏರಿಸಿದ್ದು ಪಕ್ಕದ ಮನೆಯ ಕ್ಯಾಮೆರಾ.

ನಾನು ಮಾನ್ವಿ ಕಡೆಯ ಪೋತ್ನಾಳದವನು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾಗಿ ರಾಯಚೂರಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡೆ. ಪಕ್ಕದ ಮನೆ ದೇವದುರ್ಗದ ಮಹಬೂಬ್ ಭಾಯ್ ಅವರದು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಅವರ ಹೆಂಡತಿ ಶಮೀಮ್ ಭಾಭಿ. ಇಬ್ಬರೂ ಬಂಗಾರದಂಥ ಜನ, ತೊಡಕು ಇರುವುದೇ ಅಲ್ಲಿ. ಕೆಟ್ಟವರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ನಾಲ್ಕು ಮಾತು ಬೈದು ಹಗುರಾಗಬಹುದು. ಹಬ್ಬ ಬಂದರೆ ಗೋಡಂಬಿ, ದ್ರಾಕ್ಷಿ ಕೈಬಿಚ್ಚಿ ಹಾಕಿದ ಹಾಲು-ಶಾವಿಗೆಯ ಸುರಕುಂಬಾ ಕಳಿಸುವವರ ಮೇಲೆ ಏನಂತ ಬೈಯುವುದು? ಸುರಕುಂಬಾ ಕುಡಿಯುತ್ತಲೇ ಉರಿಯಬೇಕು.

ಅವರ ಮನೆಯ ಗೇಟಿಗೆ ಯಾರಾದರೂ ಬಂದರೆ ಒಳಗೆ ಟೀವಿಯಲ್ಲಿ ಬಂದವರ ಮುಖ ಮೂಡುತ್ತದೆ. ಷೋಕೇಸಿನ ಮೇಲೆ ಕೂತ ಡಬ್ಬಿಯೊಂದು ‘ಗೇಟಿನ ಹತ್ತಿರ ಯಾರೋ ಇದ್ದಾರೆ’ ಅಂತ ಇಂಗ್ಲಿಷಿನಲ್ಲಿ ಹೇಳುತ್ತದೆ. ಇದನ್ನೆಲ್ಲ ನನ್ನ ಹೆಂಡತಿ ಗೌರಮ್ಮ ನೋಡಿಕೊಂಡು ಬಂದಳು. ಬಂದವಳು ಸುಮ್ಮನಿರಬಾರದಿತ್ತಾ?

“ಏನ್ರೀ, ಭಾಭಿ ರೊಟ್ಟಿ ಬಡ್ಕೋತನ ಗೇಟಿನಾಗ ಯಾರ ಬಂದಾರಂತ ಟೀವ್ಯಾಗ ನೋಡ್ತಾಳ. ನಮ್ದು ನೋಡ್ರಿ, ಹಿಟ್ಟಿನ ಕೈಲೇ ಓಡೋದು.”

ಮಾತು ಇಷ್ಟೇ. ಆದರೆ ಗಂಡಸರ ಕಿವಿ ಹೇಗಿರುತ್ತದೆಂದರೆ, ಹೇಳಿದ್ದಕ್ಕಿಂತ ಹೇಳದ್ದೇ ಜೋರಾಗಿ ಕೇಳುತ್ತದೆ. ‘ನಿಮ್ಮ ಕೈಲೆ ಏನಾಗ್ತದ’ ಅಂತ ಅವಳು ಅಂದಂತೆಯೇ ನನಗೆ ಕೇಳಿಸಿತು. ಅಂದಿನಿಂದ ನನ್ನ ಕಣ್ಣು ಆ ಕ್ಯಾಮೆರಾದ ಮೇಲೆ ನೆಟ್ಟಿತು.

ಇದರಲ್ಲಿ ನನ್ನೊಬ್ಬನದೇ ತಪ್ಪಿಲ್ಲ, ನೆಲದ ಗುಣವೂ ಇದೆ. ಕೃಷ್ಣೆ ಅತ್ತ, ತುಂಗಭದ್ರೆ ಇತ್ತ, ನಡುವೆ ನಾವು. ಈ ನಡುವಿನ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ತಲೆತಲಾಂತರ ಬಡಿದಾಡಿದರು. ಇಬ್ಬರಿಗೂ ಬೇಕಾದಷ್ಟು ರಾಜ್ಯವಿತ್ತು, ಆನೆಯಿತ್ತು, ಕುದುರೆಯಿತ್ತು. ಆದರೂ ಹೊಳೆ ದಂಡೆಯಲ್ಲಿ ನಿಂತು ಆಚೆಯವನ ಕೈಯಲ್ಲಿರುವುದನ್ನೇ ನೋಡಿದರು. ಇದನ್ನು ಮಕ್ಕಳಿಗೆ ಪಾಠ ಹೇಳುವಾಗ ‘ರಾಜಕೀಯ ಮಹತ್ವಾಕಾಂಕ್ಷೆ’ ಅನ್ನುತ್ತಿದ್ದೆ. ಈಗ ನನಗೇ ಬಂದ ಮೇಲೆ ಗೊತ್ತಾಯಿತು, ಅದು ಶುದ್ಧ ಹೊಟ್ಟೆಕಿಚ್ಚು.

ಅಂತೂ ಕ್ಯಾಮೆರಾ ತಂದೆ, ಮಾತಾಡುವ ಡಬ್ಬಿಯನ್ನೂ ತಂದೆ. ತಂದದ್ದು ಅಮಾವಾಸ್ಯೆ ದಿನ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಯಂತ್ರ, ತಕ್ಕಡಿ ಎಲ್ಲಕ್ಕೂ ಪೂಜೆ. ಗೌರಮ್ಮ ಕ್ಯಾಮೆರಾವನ್ನು ದೇವರ ಜಗಲಿಯ ಮೇಲಿಟ್ಟು, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಕಾಯಿ ಒಡೆದಳು. ಮರುದಿನ ಜೋಡಿಸಲು ಕೂತರೆ ಮೊಬೈಲು ‘ಕ್ಯಾಮೆರಾದ ಮೇಲಿನ ಕೋಡ್ ತೋರಿಸಿ’ ಅನ್ನುತ್ತದೆ, ನನಗೆ ಕೋಡೇ ಕಾಣುವುದಿಲ್ಲ. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ನೋಡಿದರೆ, ಆ ಕಪ್ಪು ಚೌಕುಳಿ ಚೀಟಿಯ ಮೇಲೆಯೇ ವಿಭೂತಿ ಬಳಿದು ಕೂತಿದೆ! ಒಡೆದ ಕಾಯಿಯ ನೀರು ಸೇರಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಒದ್ದೆ ಅರಿವೆಯಿಂದ ಒರೆಸಿ ಕೋಡನ್ನು ಹೊರಗೆ ತಂದೆ. “ಶಿವನ ಮ್ಯಾಲ ಸಿಟ್ಟಾಗಬ್ಯಾಡ್ರಿ” ಅಂದಳು ಗೌರಮ್ಮ. ನನ್ನ ಸಿಟ್ಟು ಶಿವನ ಮೇಲಿರಲಿಲ್ಲ.

ಕೋಡು ಓದಿಸಿದರೂ ಕ್ಯಾಮೆರಾ ಜೋಡಿಯಾಗಲಿಲ್ಲ. ಮಹಬೂಬ್ ಭಾಯ್ ಕ್ಯಾಮೆರಾದಲ್ಲಿ ತಣ್ಣನೆಯ ನೀಲಿ ದೀಪ, ನನ್ನದರಲ್ಲಿ ಮಿಣಮಿಣ ಕೆಂಪು. ಸಹಾಯವಾಣಿಗೆ ಫೋನ್ ಹಚ್ಚಿದರೆ ಅತ್ತಲಿನ ಹೆಣ್ಣುಮಗಳು “ರೌಟರ್ ಆಫ್ ಮಾಡಿ ಆನ್ ಮಾಡಿ ಸರ್” ಅಂದಳು. ಮಾಡಿದೆ. “ಕ್ಯಾಮೆರಾ ಹಿಂದಿನ ತೂತಿನಲ್ಲಿ ಪಿನ್ ಒತ್ತಿ ಹಿಡಿಯಿರಿ” ಅಂದಳು. ಗೌರಮ್ಮನ ಸೀರೆಯ ಪಿನ್ ಬಿಚ್ಚಿಸಿ ಒತ್ತಿದೆ. “ರೌಟರ್ ಹತ್ತಿರ ತಂದಿಡಿ” ಅಂದಳು. ಮಗ್ಗುಲಿಗೆ ಮಗ್ಗುಲು ಇಟ್ಟೆ. ಗಂಡ ಹೆಂಡತಿ ಜಗಳವಾಡಿದಂತೆ ಎರಡೂ ಒಂದನ್ನೊಂದು ನೋಡದೆ ಕೂತವು. ಡಬ್ಬಿಗೆ “ಗೇಟು ತೋರಿಸು” ಅಂದರೆ, ಅಂಥ ಕ್ಯಾಮೆರಾ ಯಾವುದೂ ಈ ಮನೆಯಲ್ಲಿಲ್ಲ ಅಂತ ನನ್ನ ಮನೆಯಲ್ಲೇ ಕೂತು ನನಗೇ ಹೇಳಿತು.

ಅದೇ ಸಮಯಕ್ಕೆ ದೇವದುರ್ಗದಲ್ಲಿ ಮಹಬೂಬ್ ಭಾಯ್ ಅವರ ತಾಯಿಗೆ ಆರಾಮ ತಪ್ಪಿ ದವಾಖಾನೆಗೆ ಸೇರಿಸಿದರು. ಗಂಡ ಹೆಂಡತಿ ಮನೆಗೆ ಬೀಗ ಹಾಕಿ ಓಡಿದರು. ಮುದುಕಿಗೆ ಬೇಗ ಗುಣವಾಗಲಿ ಅಂತ ಮನಸಾರೆ ಬೇಡಿಕೊಂಡೆ, ಅದು ಖರೆ. ಆದರೆ ಅವರು ಬರುವಷ್ಟರಲ್ಲಿ ನನ್ನ ಕ್ಯಾಮೆರಾ ನಡೆಯಬೇಕು, ಚಹಾಕ್ಕೆ ಕರೆದು ಟೀವಿ ಮುಂದೆ ಕೂರಿಸಬೇಕು ಅಂತ ಲೆಕ್ಕ ಹಾಕಿದ್ದೂ ಖರೆ.

“ಭಾಭಿ ಬಂದ ಮ್ಯಾಲ ಕೇಳ್ರಿ, ಅವ್ರದು ಅಕೀನೇ ಜೋಡ್ಸ್ಯಾಳಂತ” ಅಂದಳು ಗೌರಮ್ಮ.

“ಸತ್ರೂ ಕೇಳಾಂಗಿಲ್ಲ” ಅಂದೆ. ಕೇಳಿದರೆ ಸೋತಂತೆ. ಮುಂದೆ ಆಯುಷ್ಯಪೂರ್ತಿ ನನ್ನ ಗೇಟು ನನಗೆ ಕಂಡಾಗಲೆಲ್ಲ ಅದು ಅವರು ತೋರಿಸಿದ ಗೇಟಾಗುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಕೇಳಬಾರದೆಂದ ಮೇಲೆ ಉಳಿದ ದಾರಿ ನೋಡುವುದು. ಮುಂಜಾನೆ ಹಲ್ಲುಜ್ಜುತ್ತಾ ಕಾಂಪೌಂಡ್ ಗೋಡೆಯ ಮೇಲಿಂದ ಇಣುಕುತ್ತಿದ್ದೆ. ಸಂಜೆ ಸ್ಟೂಲ್ ಹಾಕಿಕೊಂಡು, ಲುಂಗಿ ಎತ್ತಿ ಕಟ್ಟಿ, ಅವರ ಕ್ಯಾಮೆರಾದ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕತ್ತು ಚಾಚುತ್ತಿದ್ದೆ. ನಡುನಡುವೆ ಅವರ ಗಿಡ ಎಷ್ಟು ಹೂ ಬಿಟ್ಟಿದೆ, ನಮ್ಮದು ಯಾಕೆ ಬಿಟ್ಟಿಲ್ಲ ಅಂತಲೂ ನೋಡುವುದಾಗುತ್ತಿತ್ತು. ನನ್ನ ಬುದ್ಧಿಗೆ ಏನನ್ನಬೇಕು ಹೇಳಿ! ಕ್ಯಾಮೆರಾವನ್ನು ಅಷ್ಟು ದಿಟ್ಟಿಸಿ ನೋಡಿದವನಿಗೆ ಕ್ಯಾಮೆರಾವೂ ನೋಡುತ್ತದೆ ಅನ್ನುವುದು ಹೊಳೆಯಲಿಲ್ಲ.

ತಾಯಿ ಗುಣವಾಗಿ ಮನೆಗೆ ಬಂದಮೇಲೆ ಅವರು ರಾಯಚೂರಿಗೆ ಮರಳಿದರು. ಗೇಟಿಗೆ ಸಿಗಿಸಿದ್ದ ನನ್ನ ಕ್ಯಾಮೆರಾದ ಕೆಂಪು ದೀಪ ಕೆಂಪಾಗಿಯೇ ಇತ್ತು. ಬಂದ ಸಂಜೆಯೇ ಭಾಭಿ ಗೋಡೆಯಾಚೆಯಿಂದ ಕರೆದಳು. “ಮಾಸ್ತರ್ರ, ಅಕ್ಕಾರನ್ನ ಕರಕೊಂಡು ಬರ್ರಿ. ನಿಮಗೊಂದು ತೋರ್ಸೋದೈತಿ.”

ಹೋದೆವು. ಕೂತೆವು. ಭಾಭಿ ಟೀವಿ ಹಚ್ಚಿದಳು. ಅದರಲ್ಲಿ ನಾನು! ಗೋಡೆಯ ಮೇಲೆ ಬಾಯಿತುಂಬ ನೊರೆ ತುಂಬಿಕೊಂಡ ನನ್ನ ತಲೆ. ಆಮೇಲೆ ಸ್ಟೂಲಿನ ಮೇಲೆ ನಾನು, ಬನಿಯನ್ನಿನಲ್ಲಿ ಕೊಕ್ಕರೆಯಂತೆ ಕತ್ತು ಉದ್ದ ಮಾಡಿಕೊಂಡು. ಮತ್ತೆ ನಾನು, ಅವರ ಹೂವು ನೋಡಿ ಮುಖ ಸಿಂಡರಿಸಿಕೊಂಡು. ಕ್ಲಿಪ್ಪಿನ ಮೇಲೆ ಕ್ಲಿಪ್ಪು. ನನ್ನ ಮುಖ ನನಗೆ ಅಷ್ಟು ಸ್ಪಷ್ಟವಾಗಿ ಕನ್ನಡಿಯಲ್ಲೂ ಕಂಡಿರಲಿಲ್ಲ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ. ಇನ್ನು ಮಾನ ಹೋಯಿತು, ಸುರಕುಂಬಾ ಹೋಯಿತು, ನೆರೆಹೊರೆ ಹೋಯಿತು ಅಂತ ತಲೆ ತಗ್ಗಿಸಿದೆ.

ಮಹಬೂಬ್ ಭಾಯ್ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಖರೇ ಹೇಳ್ತೀನ್ರಿ ಮಾಸ್ತರ್ರ. ಅಮ್ಮಿದು ಒಂದ್ ಫಿಕರ್, ಮನಿದು ಒಂದ್ ಚಿಂತಿ. ದವಾಖಾನಿ ಬೆಂಚಿನ ಮ್ಯಾಲ ಕುಂತು ಫೋನ್ ತಗದ್ರ ನೀವ್ ಕಾಣ್ತಿದ್ರಿ. ಮುಂಜಾನಿ ನೀವು, ಸಂಜಿಗೆ ನೀವು. ಹಲ್ಲುಜ್ಜೋದು ಅರ್ಧಕ್ಕ ಬಿಟ್ಟು ನಮ್ಮ ಮನಿ ಕಾಯ್ತೀರಲ್ರಿ! ಅಮ್ಮಿಗೂ ತೋರಿಸ್ದೆ. ‘ಇಂಥವ್ರು ಬಾಜೂಕ ಇದ್ರ ನೀ ಯಾಕ್ ಹೆದರ್ತೀ’ ಅಂದ್ಲು.”

‘ಹಂಗಲ್ರಿ ಭಾಯ್’ ಅನ್ನಬೇಕು ಅನ್ನಿಸಿತು. ಅಂದರೆ ಮುಂದಿನದನ್ನೂ ಹೇಳಬೇಕಲ್ಲ. ಪಕ್ಕದಲ್ಲಿ ಕೂತ ಗೌರಮ್ಮನಿಗೆ ಎಲ್ಲ ಗೊತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಟೀವಿಯನ್ನೇ ನೋಡುತ್ತಿದ್ದಳು. ಅವಳು ಅಂದು ಬಾಯಿಬಿಡದೆ ಇದ್ದದ್ದಕ್ಕೆ ನಾನು ಜೀವವಿರುವ ತನಕ ಋಣಿ.

“ಅಂದಂಗ ನಿಮ್ಮ ಕ್ಯಾಮೆರಾದಾಗ ಕೆಂಪ್ ದೀಪ ಯಾಕ್ರಿ?” ಅಂದಳು ಭಾಭಿ. ನಾನು ಕೇಳಲೇ ಇಲ್ಲ, ಅವಳೇ ಎದ್ದು ನಮ್ಮ ಮನೆಗೆ ಬಂದಳು. ನನ್ನ ಮೊಬೈಲು ನೋಡಿದವಳೇ ನಕ್ಕಳು. ಮಹಬೂಬ್ ಭಾಯ್ ಅವರ ವೈಫೈಗೆ ಅವರ ಮನೆಯ ಹೆಸರು ‘ಗುಲ್ಶನ್’ ಅಂತ ಇತ್ತು. ನನ್ನ ಮೊಬೈಲಿನ ಪಟ್ಟಿಯಲ್ಲಿ ಅದು ದಿನವೂ ಎಲ್ಲರಿಗಿಂತ ಮೇಲೆ ಕಂಡು ಕಂಡು ತಡೆಯದೆ, ನಾನೂ ನನ್ನ ವೈಫೈಗೆ ‘ಶ್ರೀ ಗುರುಕೃಪಾ ನಿಲಯ’ ಅಂತ ಅಚ್ಚ ಕನ್ನಡ ಅಕ್ಷರದಲ್ಲಿ ಹೆಸರಿಟ್ಟಿದ್ದೆ. ಮೊಬೈಲು ಓದುತ್ತಿತ್ತು, ಟೀವಿ ಓದುತ್ತಿತ್ತು. ಕ್ಯಾಮೆರಾಕ್ಕೆ ಮಾತ್ರ ಓದಲು ಬರುತ್ತಿರಲಿಲ್ಲ. ಭಾಭಿ ಆ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿದಳು. ದೀಪ ನೀಲಿಯಾಯಿತು. ಅಂದರೆ ಇಷ್ಟು ದಿನ ಅಡ್ಡ ಬಂದಿದ್ದು ನನ್ನ ಹೊಟ್ಟೆಕಿಚ್ಚೇ. ಟೀವಿಯಲ್ಲಿ ನನ್ನ ಗೇಟು ಬಂತು. ನೋಡಿದರೆ ಬರೀ ಗೇಟು, ಸುಣ್ಣ ಹೋದದ್ದು. ಗೌರಮ್ಮ ಈಗಲೂ ಹಿಟ್ಟಿನ ಕೈಲೇ ಓಡುತ್ತಾಳೆ, ಟೀವಿ ನೋಡುವ ರೂಢಿಯಾಗಿಲ್ಲವಂತೆ.

ಮೊನ್ನೆ ಅವರು ಮತ್ತೆ ದೇವದುರ್ಗಕ್ಕೆ ಹೋದರು. ನೆಗಡಿ ಹತ್ತಿ ನಾನು ಹಾಸಿಗೆ ಹಿಡಿದಿದ್ದೆ. ಮಧ್ಯಾಹ್ನ ಫೋನು ಬಂತು. ಮಹಬೂಬ್ ಭಾಯ್ ಅವರ ತಾಯಿಯೇ ಮಾತಾಡಿದರು.

“ಮಾಸ್ತರ್, ಮುಂಜಾನಿಂದ ಫೋನಿನಾಗ ಕಾಣವಲ್ಲಿ. ಆರಾಮ ಅದೀಯಿಲ್ಲಪ್ಪಾ?”

ನನ್ನ ಮುಖ ಒಂದು ದಿನ ಕಾಣದಿದ್ದರೆ ಕೇಳುವವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರೆ? ಚಾದರ ಹೊದ್ದು, ಸ್ಟೂಲ್ ಹಾಕಿಕೊಂಡು, ಗೋಡೆಯ ಮೇಲೆ ಮುಖ ತೋರಿಸಿದೆ. ಅವರ ಅಂಗಳದಲ್ಲಿ ಹೊಸದೊಂದು ಉಯ್ಯಾಲೆ ತೂಗುತ್ತಿತ್ತು, ಸಾಗುವಾನಿಯದು, ಹಿತ್ತಾಳೆ ಸರಪಳಿ ಬೇರೆ. ಹೊಟ್ಟೆಯೊಳಗೆ ಚುರ್ ಅಂದಿತು. ಅದು ತನ್ನ ಪಾಡಿಗೆ ಉರಿಯಲಿ ಅಂತ ಬಿಟ್ಟು, ದೇವದುರ್ಗದ ಆ ಮುದುಕಿಗೆ ಕಾಣುವ ಹಾಗೆ ಕೈ ಎತ್ತಿ ಬೀಸಿದೆ.