ಹಿಂದಿನವನ ಹಿಮ್ಮಡಿ

"ಹೊಂಬಾಳಿ ಮನೇಲಿ ಕಾಯಿ ಸುಲಿಯೋಕೆ ಸಲಾಕೆ ಯಾಕೆ ಬೇಕು, ಅವಳ ನಾಲಿಗೆ ಸಾಕು ಕಣೇ" ಅಂತ ತಗ್ಗಿನಹಳ್ಳಿಯ ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು. ಶೆಟ್ಟಿಕೆರೆ ಕಡೆಯ ಬಸ್ಸಿಳಿದವರಿಗೆ ಊರು ಕಾಣುವುದಕ್ಕೆ ಮುಂಚೆ ಹೊಂಬಾಳಮ್ಮನ ದನಿ ಕೇಳುತ್ತದೆ ಅನ್ನುವವರೂ ಇದ್ದರು. ಪಕ್ಕದ ಮನೆಯ ಲಕ್ಷ್ಮಕ್ಕ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಿದ್ದಳು: "ಅವಳು ನೋಡಿದ್ರೆ ಊರಮ್ಮನಿಗೆ ದೀಪ ಹಚ್ಚದೆ ಬಾಯಿಗೆ ನೀರು ಬಿಡಲ್ಲ. ಗಂಡ ನೋಡಿದ್ರೆ ದೇವರೇ ಇಲ್ಲ ಅಂತಾನೆ. ಅದು ಹೆಂಗೆ ಒಂದೇ ಒಲೆ ಮೇಲೆ ಬೇಯುತ್ತೋ, ನಾ ಕಾಣೆ."

ಬೇಯುತ್ತಿತ್ತು. ಚೆನ್ನಾಗಿಯೇ ಬೇಯುತ್ತಿತ್ತು.

ಹೊಂಬಾಳಮ್ಮನ ಗಂಡ ಕೆಂಚಪ್ಪ ಕಬಡ್ಡಿ ಆಟಗಾರ. ಸುಗ್ಗಿ ಮುಗಿದ ಮೇಲೆ ಗದ್ದೆಬಯಲಲ್ಲಿ ಆಡುವ ಬಗೆಯವನಲ್ಲ, ಆಟವನ್ನೇ ಅನ್ನ ಮಾಡಿಕೊಂಡವನು. ಬೆಂಗಳೂರಿನ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಬೇಕೆಂದು ಅವನನ್ನು ಕರೆದೊಯ್ದು ಕೆಲಸ ಕೊಟ್ಟಿದ್ದರು. ಹಾಜರಿ ಪುಸ್ತಕದಲ್ಲಿ ಫಿಟ್ಟರ್ ಕೈಕೆಳಗಿನವನು; ನಿಜವಾದ ಕೆಲಸ ಬೆಳಗ್ಗೆ ಸಂಜೆ ಅಂಕಣದಲ್ಲಿ ಮಣ್ಣು ಮುಕ್ಕುವುದು. ಶನಿವಾರ ರೈಲು ಹತ್ತಿ ತಿಪಟೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊರಿಗೆ ಬರುತ್ತಿದ್ದ. ಉಳಿದ ಆರು ದಿನ ನಲವತ್ತು ತೆಂಗಿನ ಮರ, ಒಂದು ಎಮ್ಮೆ, ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ, ಎಲ್ಲಕ್ಕೂ ಹೊಂಬಾಳಮ್ಮನೇ ದಿಕ್ಕು.

ಆ ಕೆಂಚಪ್ಪ ಮೊದಲಿನಿಂದ ಹಾಗಿರಲಿಲ್ಲ. ಹದಿನೆಂಟಕ್ಕೇ ಊರಮ್ಮ ಕರಿಯಮ್ಮನ ಅಡ್ಡೆ ಹೊತ್ತ ಹೆಗಲು ಅವನದು. ಎರಡು ಉದ್ದನೆಯ ಗಳು, ನಡುವೆ ಅಮ್ಮನ ಮೂರ್ತಿ. ಮುಂದೊಬ್ಬ, ಹಿಂದೊಬ್ಬ ಹೆಗಲು ಕೊಡಬೇಕು. ಮದುವೆಯೋ, ಬಾವಿ ತೋಡುವುದೋ, ಮನೆ ಪಾಲೋ, ಜನ ಬಂದು ಕೇಳುತ್ತಾರೆ. ಅಡ್ಡೆ ಮುಂದೆ ಬಂದರೆ ಅಮ್ಮ ಹೂಂ ಅಂದಳು. ಹಿಂದೆ ಸರಿದರೆ ಉಹೂಂ. ಒಂದು ಸಲ ಅಣ್ಣತಮ್ಮಂದಿರಿಬ್ಬರು ಮನೆ ಪಾಲು ಮಾಡಿಕೊಳ್ಳಬಹುದೇ ಎಂದು ಕೇಳಿಕೊಂಡು ನಿಂತಿದ್ದಾಗ, ಹಿಂದೆ ನಿಂತಿದ್ದ ಕೆಂಚಪ್ಪನ ಪಾದಕ್ಕೆ ಜಾಲಿ ಮುಳ್ಳು ಚುಚ್ಚಿತು. ಅವನು ಮುಗ್ಗರಿಸಿದ. ಅಡ್ಡೆ ನಾಲ್ಕು ಹೆಜ್ಜೆ ಮುಂದೆ ಹೋಯಿತು. ಒಂದು ಮನೆ ಎರಡಾಯಿತು. ಮುದುಕಿ ತಾಯಿ ಇಬ್ಬರ ಮನೆಗೂ ಬೇಡವಾಗಿ ತವರಿಗೆ ಹೋದಳು. ಅವತ್ತಿನಿಂದ ಕೆಂಚಪ್ಪ ಅಡ್ಡೆ ಮುಟ್ಟಲಿಲ್ಲ, ಗುಡಿ ಮೆಟ್ಟಲಿಲ್ಲ.

ಮದುವೆಯಾದ ಹೊಸದರಲ್ಲೇ ಇದನ್ನು ಹೆಂಡತಿಗೆ ಹೇಳಿದ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಮುದ್ದೆ ಬಡಿಸುತ್ತ, "ಆ ಮುಳ್ಳು ಚುಚ್ಚಿಸಿದೋಳೂ ಅಮ್ಮನೇ ಯಾಕಾಗಿರಬಾರದು?" ಅಂದಳು.

ಕೆಂಚಪ್ಪ ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಂಡ. "ಆಯ್ತು ಬುಡೇ. ನಿನ್ನ ಅಮ್ಮ ನಿನಗೆ, ನನ್ನ ಮುಳ್ಳು ನನಗೆ."

ಅಲ್ಲಿಗೆ ಆ ಜಗಳ ಮುಗಿಯಿತು. ಎಂಟು ವರ್ಷ ಹಾಗೇ ನಡೆಯಿತು.

ಆಟದಲ್ಲೂ ಅವನದು ಅದೇ ಹಟ. ತಂಡದವರು ಅಂಕಣಕ್ಕೆ ಇಳಿಯುವ ಮುಂಚೆ ತಾಯತ ಕಣ್ಣಿಗೊತ್ತಿಕೊಳ್ಳುವರು, ಕ್ಯಾಪ್ಟನ್ ಕಾಯಿ ಒಡೆಯುವನು. ಇವನು ದೂರ ನಿಂತು ಅಂಗೈಗೆ ಮಣ್ಣು ಉಜ್ಜಿಕೊಳ್ಳುವನು. ಆಮೇಲೆ ಒಡೆದ ಹೋಳಿಗೆ ಮೊದಲು ಕೈಯೊಡ್ಡುವವನೂ ಇವನೇ. "ದೇವರು ಬೇಡ, ಕಾಯಿ ಬೇಕೇನ್ಲಾ?" ಅಂತ ಹುಡುಗರು ರೇಗಿಸಿದರೆ, "ಕಾಯಿ ನಮ್ಮ ಸೀಮೇದು ಕಣ್ಲಾ, ತಿನ್ನೋಕೆ ಯಾರ ಅಪ್ಪಣೆ?" ಅನ್ನುವನು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ದಾವಣಗೆರೆಯಲ್ಲಿ ರಾಜ್ಯದ ಕಪ್ಪು ಗೆದ್ದರು. ಕೊನೆಯ ರೇಡಿನಲ್ಲಿ ಮೂವರನ್ನು ಮುಟ್ಟಿ ಬಂದವನು ಕೆಂಚಪ್ಪ. ಪತ್ರಿಕೆಯವರು ಕೇಳಿದರು: ಯಾವ ದೇವರ ದಯೆ? "ಯಾವ ದೇವರದೂ ಇಲ್ಲ ಸ್ವಾಮಿ. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಊರಲ್ಲಿ ದೇವರನ್ನ ಹೊತ್ತಿದ್ದೆ, ಹೊತ್ತ ಮೇಲೇ ಗೊತ್ತಾಯ್ತು." ಮಾರನೆಯ ದಿನ ಅವನ ಫೋಟೋದ ಕೆಳಗೆ ಅದು ಹಾಗೆಹಾಗೇ ಅಚ್ಚಾಯಿತು.

ಆ ಪತ್ರಿಕೆಯನ್ನು ಊರ ಹೋಟೆಲಿನಲ್ಲಿ ಗಟ್ಟಿಯಾಗಿ ಓದಿದರು. ಗುಡಿಯ ಯಜಮಾನಿಕೆ ಗಂಗಾಧರಯ್ಯಗೌಡರದು. ಕೇಳುತ್ತ ಕೇಳುತ್ತ ಅವರ ಕೈಯ ಕಾಫಿ ಆರಿಹೋಯಿತು. ಕಪ್ಪು ಗೆದ್ದ ಮಾತನ್ನು ಯಾರೂ ಎತ್ತಲಿಲ್ಲ.

ಅದೇ ಫೈನಲ್ ಆಟದ ದಿನ ಹೊಂಬಾಳಮ್ಮ ಒಂದು ಕೆಲಸ ಮಾಡಿದ್ದಳು. ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಪೂಜಾರಿ ಹುಚ್ಚರಂಗಯ್ಯನ ಎದುರಲ್ಲೇ ಹರಸಿಕೊಂಡಿದ್ದಳು: "ಅಮ್ಮಾ, ಅವನು ಗೆದ್ದು ಬಂದರೆ ಅವನ ಹೆಗಲ ಮೇಲೆ ನಿನ್ನನ್ನ ಕೆರೆಯಿಂದ ಗುಡಿಗೆ ಹೊರಿಸ್ತೀನಿ." ಗಂಡನನ್ನು ಕೇಳಿ ಹರಸಿಕೊಳ್ಳುವ ರೂಢಿ ಯಾವ ಮನೆಯಲ್ಲಿದೆ? ಅವಳೂ ಕೇಳಲಿಲ್ಲ. ಗೆದ್ದು ಬಂದ ಮೇಲೆ ಹೇಳಲು ಬಾಯಿ ಬರಲಿಲ್ಲ. ಊರಿಗೆಲ್ಲ ಹೆದರದ ನಾಲಿಗೆ ಮನೆಯೊಳಗೆ ಒಣಗಿ ಕೂತಿತು.

ಕಾರ್ತಿಕದಲ್ಲಿ ಇನ್ನೊಂದು ಪಂದ್ಯದಲ್ಲಿ ಕೆಂಚಪ್ಪನ ಬಲಮಂಡಿ ತಿರುಚಿತು. ಒಳಗೆ ನರ ಹರಿದಿದೆ ಅಂದರು ಬೆಂಗಳೂರಿನ ಡಾಕ್ಟರು. "ನಾಲ್ಕು ತಿಂಗಳು ಈ ಕಾಲಿನ ಮೇಲೆ ಭಾರ ಬೀಳಬಾರದು. ಬಿದ್ದರೆ ಕಬಡ್ಡಿ ಹೋಗಲಿ, ಬಸ್ಸು ಹತ್ತೋದೂ ಕಷ್ಟ." ಕಾರ್ಖಾನೆಯವರು ಯುಗಾದಿಯ ಆಚೆ ತಂಡದ ಆಯ್ಕೆ ಅಂದರು. ಅಲ್ಲಿವರೆಗೆ ಕಾಲು ಉಳಿದರೆ ಆಟ ಉಂಟು, ಆಟವಿದ್ದರೆ ಕೆಲಸ ಉಂಟು. ಕೆಂಚಪ್ಪ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಬಂದು ಮಲಗಿದ.

ಸಂಕ್ರಾಂತಿಗೆ ಇನ್ನೂ ವಾರವಿದ್ದಾಗ ಗಂಗಾಧರಯ್ಯಗೌಡರು ಪೂಜಾರಿಯನ್ನು ಕರೆದುಕೊಂಡು ಬಂದು ಜಗಲಿಯ ಮೇಲೆ ಕೂತರು.

"ಹೆಂಗಿದೆಯಪ್ಪಾ ಕಾಲು?"

"ಕಾಲೇ ಹೇಳಬೇಕು ಗೌಡ್ರೇ, ನಾನೇನು ಹೇಳಲಿ" ಅಂದ ಕೆಂಚಪ್ಪ.

"ಅದು ಆಗಲೇ ಹೇಳಿದೆಯಲ್ಲ. ಅಮ್ಮನ್ನ ಇಲ್ಲ ಅಂದೆ, ಅಮ್ಮ ಇದ್ದೀನಿ ಅಂದಳು."

"ಅಂಕಣದಲ್ಲಿ ಒಂದು ಗುಂಡಿ ಇತ್ತು ಗೌಡ್ರೇ. ಕಾಲು ಅದಕ್ಕೆ ಬಿತ್ತು. ಅದನ್ನು ಮುಚ್ಚದವರ ಮೇಲೆ ನನ್ನ ಸಿಟ್ಟಿದೆ."

"ತಮಾಷೆ ಸಾಕು. ಸಂಕ್ರಾಂತಿ ಮಾರನೆ ದಿನ ಅಮ್ಮ ಕೆರೆಯಿಂದ ಬರ್ತಾಳೆ. ನೀನು ಹೊರಬೇಕು. ಹರಕೆ ಬಾಕಿ ಇದೆ."

"ಯಾರ ಹರಕೆ?"

ಹುಚ್ಚರಂಗಯ್ಯ ಬಾಗಿಲಲ್ಲಿ ನಿಂತಿದ್ದ ಹೊಂಬಾಳಮ್ಮನ ಕಡೆ ಬೆರಳು ಮಾಡಿದ. "ಕೇಳಪ್ಪಾ ನಿನ್ನ ಹೆಂಡ್ರನ್ನ."

ಕೆಂಚಪ್ಪ ತಿರುಗಿ ನೋಡಿದ. ಬೈದಿದ್ದರೆ ಅವಳು ನಾಲ್ಕು ಮರಳಿ ಬೈಯುತ್ತಿದ್ದಳು. ಅವನು ಬೈಯಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ಎರಡು ಕೈಯಲ್ಲಿ ಎತ್ತಿ, ಇನ್ನೊಂದು ಕಡೆಗೆ ಇಟ್ಟುಕೊಂಡ, ಅಷ್ಟೆ.

"ಹರಸಿಕೊಂಡವಳು ನಾನು" ಅಂದಳು ಹೊಂಬಾಳಮ್ಮ. "ನಾನು ಹೊರ್ತೀನಿ. ತೆಂಗಿನಕಾಯಿ ಮೂಟೆ ಹೊತ್ತ ಹೆಗಲು ಇದು."

"ಹೆಂಗಸರು ಅಡ್ಡೆಗೆ ಹೆಗಲು ಕೊಡೋದುಂಟೇನಮ್ಮ!" ಪೂಜಾರಿ ನಕ್ಕ. ಗೌಡರು ನಗಲಿಲ್ಲ. ಎದ್ದು ಹೊರಡುವಾಗ, "ಹರಕೆ ತೀರೋವರೆಗೆ ಈ ಮನೆ ಕಾಯಿ ಕೀಳೋಕೆ ಒಬ್ಬನೂ ಬರಲ್ಲ" ಅಂದರು.

ಒಬ್ಬನೂ ಬರಲಿಲ್ಲ. ಬಲಿತ ಕಾಯಿ ಮರದ ಮೇಲೇ ಉಳಿಯಿತು, ತಾನಾಗಿ ಬಿದ್ದವನ್ನು ಹೊಂಬಾಳಮ್ಮ ಒಬ್ಬಳೇ ಆಯ್ದು ತಂದಳು. ಬಾವಿಕಟ್ಟೆಗೆ ಹೋದರೆ ಹೆಂಗಸರು ಹಗ್ಗ ಸರಿಸಿ ನಿಂತರು. ನಿನ್ನೆಯವರೆಗೆ ಸಾರು ಕೇಳಿಕೊಂಡು ಬರುತ್ತಿದ್ದವರು! ಅವಳಿಗೆ ಸಿಟ್ಟು ಬಂತು. ಅವರ ಮೇಲೆ, ತನ್ನ ಮೇಲೆ, ಸುಮ್ಮನೆ ಮಲಗಿ ಸೂರು ನೋಡುವ ಗಂಡನ ಮೇಲೆ.

"ಒಂದು ಮಾತಾದ್ರೂ ಆಡಯ್ಯ" ಎಂದು ಒಂದು ಬೆಳಗ್ಗೆ ಕೂಗಿದಳು.

"ಏನಾಡಲಿ? ನೀನು ಹೊರು ಅಂದರೆ ಹೊರ್ತೀನಿ ಕಣೇ. ಕಾಲು ಹೋಗುತ್ತೆ. ಇಷ್ಟು ವರ್ಷ ನಿನ್ನ ದೇವರ ಮಾತಿಗೆ ನಾನು ಬಂದಿಲ್ಲ, ಈಗಲೂ ಬರಲ್ಲ. ನೀನೇ ಹೇಳು."

ಯುಗಾದಿಯ ಆಚೆಗೆ ಹರಕೆ ಮುಂದೆ ಹಾಕಬಹುದೇ ಎಂದು ಅಮ್ಮನನ್ನೇ ಕೇಳಿಬಿಡುತ್ತೇನೆ ಎಂದು ಹೊರಟಳು. ತಾಯಿಯಾದವಳು ಮೂರು ತಿಂಗಳು ತಡೆಯಲಾರಳೇ? ಹೊಸ್ತಿಲು ದಾಟುವಾಗ ಕೆಂಚಪ್ಪ ಅಂದ:

"ಹೊಂಬಾಳೀ, ಒಂದು ಕೇಳ್ತೀನಿ. ಇವತ್ತೊಂದು ದಿನ ಅಮ್ಮನ ಮುಖ ನೋಡಬೇಡ. ಹಿಂದೆ ಹೊತ್ತವನ ಹಿಮ್ಮಡಿ ನೋಡು."

ಗುಡಿಯ ಮುಂದೆ ಗೌಡರು, ಪೂಜಾರಿ, ಜನ ಸೇರಿದ್ದರು. ಮುಂದೊಬ್ಬ, ಹಿಂದೆ ತಿಪ್ಪಯ್ಯ ಅಡ್ಡೆ ಹೊತ್ತು ನಿಂತಿದ್ದರು. ಹೊಂಬಾಳಮ್ಮ ಕೈ ಮುಗಿದು ಕೇಳಿದಳು: "ಅಮ್ಮಾ, ಅವನ ಕಾಲು ಬಲಿಯೋವರೆಗೆ ತಡೀತೀಯಾ?"

ಎಂಟು ವರ್ಷದಿಂದ ಕೇಳುವಾಗಲೆಲ್ಲ ಅವಳ ಕಣ್ಣು ಅಮ್ಮನ ಬೆಳ್ಳಿ ಕಣ್ಣಿನ ಮೇಲೆ ಇರುತ್ತಿತ್ತು. ಹಾಗೆಯೇ ಇರಬೇಕು, ಎಲ್ಲರೂ ಹಾಗೆಯೇ ನೋಡುವುದು. ಇವತ್ತು ತಲೆ ತಗ್ಗಿಸಿದಳು. ಭಕ್ತಿ ಎಂದುಕೊಂಡರು ಜನ. ಅವಳು ತಿಪ್ಪಯ್ಯನ ಕಾಲು ನೋಡುತ್ತಿದ್ದಳು.

ಅಮ್ಮನ ಕೊರಳ ಹಾರ ಇನ್ನೂ ಅಲುಗಿರಲಿಲ್ಲ. ತಿಪ್ಪಯ್ಯನ ಬಲ ಹಿಮ್ಮಡಿ ಮಣ್ಣಿಗೆ ಊರಿತು. ಬೆರಳುಗಳು ಮೇಲೆದ್ದವು. ಆಮೇಲೆ ಗಳು ಜಗ್ಗಿತು, ಆಮೇಲೆ ಹಾರ ಅಲುಗಿತು, ಆಮೇಲೆ ಅಡ್ಡೆ ಹಿಂದೆ ಸರಿಯಿತು. "ಒಲ್ಲೆ ಅಂದಳು ಅಮ್ಮ!" ಎಂದು ಪೂಜಾರಿ ಕೂಗಿದ. ಮಣ್ಣಿನಲ್ಲಿ ಹಿಮ್ಮಡಿಯ ಗುರುತು ಕೊಡಲಿ ಏಟಿನ ಹಾಗೆ ಕಾಣುತ್ತಿತ್ತು.

ತಡಿ, ಮುಳ್ಳಿನ ಹಾಗೆ ಇದೂ ಅಮ್ಮನೇ ಇರಬಹುದಲ್ಲ ಎಂದು ಅವಳ ಮನಸ್ಸು ಇನ್ನೂ ಎಳೆದಾಡುತ್ತಿತ್ತು. ಪೂಜಾರಿ ತಡೆಯುವ ಮೊದಲೇ ಇನ್ನೊಂದು ಕೇಳಿಬಿಟ್ಟಳು: "ಹಂಗಾದ್ರೆ ನನ್ನ ಹೆಗಲ ಮೇಲೆ ಬರ್ತೀಯಾ ತಾಯಿ?"

ಇದು ಯಾರೂ ಎಣಿಸದ ಪ್ರಶ್ನೆ. ಅಡ್ಡೆ ನಿಂತಲ್ಲೇ ನಿಂತಿತು. ತಿಪ್ಪಯ್ಯ ಕತ್ತೆತ್ತಿ ಗೌಡರ ಮುಖ ನೋಡಿದ. ಗೌಡರು ತುಟಿ ಬಿಗಿದರು. ಹಿಮ್ಮಡಿ ಊರಿತು.

"ನಿಲ್ಲಿಸ್ಲಾ ತಿಪ್ಪಯ್ಯ!"

ಗುಡಿಯ ಮೇಲಿನ ಪಾರಿವಾಳಗಳು ಹಾರಿಹೋದವು. ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಉತ್ತರ ಗೊತ್ತಿಲ್ಲದೆ ಗೌಡರ ಮುಖ ನೋಡೋಳು ಯಾವ ಅಮ್ಮ? ಎಂಟು ವರ್ಷ! ಎಮ್ಮೆಗೆ ಕಾಯಿಲೆ ಅಂದ್ರೆ ಇಲ್ಲಿ ಕೇಳಿದೆ. ನಂಗೆ ಮಕ್ಕಳಾಗ್ಲಿಲ್ಲ ಅಂತ ಇಲ್ಲಿ ಅತ್ತೆ. ನಿನ್ನ ಕಾಲಿಗೆ ಅತ್ನೇನ್ಲಾ ನಾನು? ಈ ಒಡಕಲು ಹಿಮ್ಮಡಿಗೆ?"

"ಅಮ್ಮನ ಮುಂದೆ ಬಾಯಿ ಹಿಡಿ ಹೊಂಬಾಳೀ" ಅಂದರು ಗೌಡರು.

"ಅಮ್ಮನ ಮೇಲೆ ನಂಗೆ ಸಿಟ್ಟಿಲ್ಲ ಗೌಡ್ರೇ. ಅವಳನ್ನ ಎಳೆದಾಡ್ತೀರಲ್ಲ, ನಿಮ್ಮ ಮೇಲೆ. ನಮ್ಮನೆಯೋರು ನಂಬಲ್ಲ ಅಂದ್ರು. ಬಚ್ಚಿಟ್ಟುಕೊಂಡು ಹೇಳಿದ್ರಾ? ಪೇಪರಲ್ಲಿ ಹೆಸರು ಹಾಕಿಸಿ ಹೇಳಿದ್ರು. ಅವರ ಕಾಲು ಮುರಿಯಬೇಕು ಅಂತಿದ್ರೆ ನೀವೂ ನಿಮ್ಮ ಹೆಸರು ಹಾಕಿ ದೊಣ್ಣೆ ತಗೊಂಡು ಬನ್ನಿ. ಹೆಣ್ಣು ದೇವರ ಹಿಂದೆ ಯಾಕೆ ಅವಿತುಕೊಳ್ತೀರಿ?"

ಅವಳು ಗುಡಿಯೊಳಗೆ ನುಗ್ಗಿ, ಕಂಬಕ್ಕೆ ಕಟ್ಟಿದ್ದ ತನ್ನ ಮುಡಿಪನ್ನು ಬಿಚ್ಚಿಕೊಂಡು ಮನೆಗೆ ಬಂದಳು.

ಕೆಂಚಪ್ಪ ಜಗಲಿಗೆ ಬಂದು ಕೂತಿದ್ದ. "ಏನಂದಳು ಅಮ್ಮ?"

"ಅಮ್ಮ ಏನೂ ಅನ್ನಲಿಲ್ಲ. ತಿಪ್ಪಯ್ಯ ಅಂದ."

ಅವನು ನಗಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಅವಳು ಕೂರಲಿಲ್ಲ, ಒಳಗೆ ಹೋಗಿ ಟ್ರಂಕು ಎಳೆದಳು.

"ನನ್ನ ಹಂಗೆ ಆಗಿಬಿಟ್ಟೆಯೇನೇ?" ಎಂದು ಹೊರಗಿಂದ ಕೇಳಿದ.

"ಇಲ್ಲ ಕಣಯ್ಯ. ದೀಪ ಹಚ್ಚೋಳು ಹಚ್ಚೋಳೇ. ಎಲ್ಲಿ ಹಚ್ಚಬೇಕು ಅನ್ನೋದು ನನ್ನಿಷ್ಟ." ಅವಳು ಅರಿವೆಗಳನ್ನು ಟ್ರಂಕಿಗೆ ತುಂಬುತ್ತಿದ್ದಳು. "ಈ ಊರಲ್ಲಿದ್ರೆ ಇವತ್ತಲ್ಲ ನಾಳೆ ನಿನ್ನ ಹೆಗಲಿಗೆ ಆ ಅಡ್ಡೇನ ಕಟ್ತಾರೆ. ಕಾಲು ಮುಗಿಯುತ್ತೆ. ನಾಳೆ ಬೆಳಗಿನ ಬಸ್ಸಿಗೆ ಹೋಗಾಣ. ಕಾರ್ಖಾನೆ ಹತ್ತಿರ ಒಂದು ಗೂಡು ಹುಡುಕು, ಸಾಕು."

ಕೆಂಚಪ್ಪನ ಭಾವ ಶೆಟ್ಟಿಕೆರೆಯ ದುರ್ಗಯ್ಯನಿಗೆ ಹೇಳಿಕಳಿಸಿದರು. ಎಮ್ಮೆಯನ್ನು ಅವನು ಅಂದೇ ಹೊಡೆದುಕೊಂಡು ಹೋದ. ತೋಟ ನೋಡಿಕೊಳ್ಳಲು ಒಪ್ಪಿದ. ಅಟ್ಟದ ಕಾಯಿ ಮಾತ್ರ ಇನ್ನೂ ಹಸಿ, ಕೊಬ್ಬರಿಯಾಗಲು ಎಂಟು ತಿಂಗಳು ಬೇಕು. ಎಂಟು ತಿಂಗಳಿಗೆ ಒಬ್ಬರೂ ಏಣಿ ಹಾಕಿ ನೋಡದಿದ್ದರೆ ಇಲಿಯ ಪಾಲು. ಹೊಂಬಾಳಮ್ಮ ಅಟ್ಟದ ಕಡೆ ಒಮ್ಮೆ ನೋಡಿ, "ತಿನ್ನಲಿ. ಇಲಿಗೆ ನಾಚಿಕೆಯಾದರೂ ಇರುತ್ತೆ" ಅಂದಳು.

ಬೆಳಗ್ಗೆ ಗಾಡಿ ಕೇಳಿದರೆ ಯಾರೂ ಕೊಡಲಿಲ್ಲ. ಟ್ರಂಕನ್ನು ತಲೆಗೆ ಏರಿಸಿಕೊಂಡಳು. ಎಡಗೈಯನ್ನು ಗಂಡನ ಸೊಂಟಕ್ಕೆ ಬಳಸಿ, "ಬಲಗಾಲು ಊರಬೇಡ, ನನ್ನ ಮೇಲೆ ಭಾರ ಬಿಡು" ಅಂದಳು.

"ಜನ ನೋಡ್ತಾರೆ ಕಣೇ."

"ನೋಡಲಿ."

ಲಕ್ಷ್ಮಕ್ಕ ಬೇಲಿಯ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. "ಒಂದು ಮಾತು ತಪ್ಪಾಯ್ತು ಅಂದಿದ್ರೆ ಮುಗೀತಿತ್ತಲ್ಲೇ ಹೊಂಬಾಳೀ. ಮನೆ ಬಿಡೋ ಅಂಥದ್ದು ಏನಾಯ್ತು?"

"ನಿನ್ನ ಗಂಡನ ಕಾಲು ಕೇಳಿದಾಗ ಹೇಳ್ತೀನಿ ಬಾರಕ್ಕ" ಅಂದಳು ಹೊಂಬಾಳಮ್ಮ, ನಿಲ್ಲದೆ.

ಹೊಸ್ತಿಲಿನಿಂದ ಬೀದಿಗೆ ಮೂರು ಮೆಟ್ಟಿಲು. ಮೊದಲನೆಯದನ್ನು ಇಳಿಸಿದಳು, ಉಸಿರು ತೆಗೆದುಕೊಂಡಳು. ಎರಡನೆಯದರಲ್ಲಿ ಅವನ ಬಲಗಾಲು ನೆಲ ತಾಕೀತೆಂದು ತನ್ನ ಪಾದವನ್ನೇ ಕೆಳಗೆ ಒಡ್ಡಿದಳು. ಮೂರನೆಯದನ್ನೂ ಇಳಿದರು. ಬೀದಿಯ ಆ ಕಡೆ ಜಗಲಿಗಳ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಒಬ್ಬೊಬ್ಬರ ಮನೆ ಮುಂದೂ ಅವಳು ಹೆಜ್ಜೆ ನಿಧಾನ ಮಾಡಿ, ಅವರು ತಿರುಗಿಸಿದ ಮುಖ ಮರಳಿ ಈ ಕಡೆ ಬರುವವರೆಗೆ ನೋಡಿ, ಆಮೇಲೆ ಮುಂದೆ ನಡೆದಳು.