ಮುಳ್ಳು ತಾಗಿ ಸವೆದ ಜಾಗ

ಮೊನ್ನೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಇಂದಿರಾನಗರದ ಲ್ಯಾಬೊಂದಕ್ಕೆ ಹೋಗಿದ್ದೆ. ಬರಿಹೊಟ್ಟೆ, ಕಾಫಿ ಕಾಣದ ಬೆಳಗು, ನನ್ನ ಮುಖ ಯಾರೂ ನೋಡುವ ಹಾಗಿರಲಿಲ್ಲ. ರಕ್ತ ತೆಗೆಯುವ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ ತೋಳಿಗೆ ಸವರಿ, "ಮುಷ್ಟಿ ಬಿಗಿಯಾಗಿ ಹಿಡ್ಕೊಳ್ಳಿ ಮೇಡಂ" ಅಂದಳು. ಹಿಡಿದೆ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ... ಎಲ್ಲರಿಗೂ ಅದು ಆಸ್ಪತ್ರೆಯ ವಾಸನೆ. ನನಗೆ ಮಾತ್ರ ಹಲಸೂರು ಮಾರ್ಕೆಟ್ಟಿನ ಪಕ್ಕ, ಮೆಟ್ಟಿಲ ಕೆಳಗೆ ಇದ್ದ ಒಂದು ರೆಕಾರ್ಡಿಂಗ್ ಅಂಗಡಿಯ ವಾಸನೆ.

ಆ ಅಂಗಡಿಯ ಅಂಕಲ್ ಒಂದೊಂದು ಕ್ಯಾಸೆಟ್ ತುಂಬಿಸುವ ಮುಂಚೆಯೂ ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದರು. ಅವರು ಚಿಲ್ಲರೆ ಕೊಟ್ಟರೆ ಚಿಲ್ಲರೆಗೂ ಅದೇ ವಾಸನೆ. ನಾನು ಪಿಯುಸಿಗೆ ಸೇರಿದ ವರ್ಷ, ಅಂದರೆ ತೊಂಬತ್ತರ ದಶಕದ ಶುರುವಿನಲ್ಲಿ, ಮೊದಲ ಸಲ ಅಲ್ಲಿಗೆ ಹೋದೆ. ಆಗ ಇಂಗ್ಲಿಷ್ ರಾಕ್ ಹಾಡುಗಳ ರೆಡಿಮೇಡ್ ಕ್ಯಾಸೆಟ್ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ಖಾಲಿ ಕ್ಯಾಸೆಟ್ ಜೊತೆ ಕೊಟ್ಟರೆ, ಅಂಕಲ್ ತಮ್ಮ ಹತ್ತಿರವಿದ್ದ ಎಲ್‌ಪಿ ಪ್ಲೇಟುಗಳಿಂದ ತುಂಬಿಸಿ ಮೂರು ದಿನಕ್ಕೆ ಕೊಡುತ್ತಿದ್ದರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಗಳನ್ನು ಖಾಲಿ ಮಾಡಿಕೊಂಡು ಹೋದವರು ಮಾರಿದ ಪ್ಲೇಟುಗಳು ಅವು. ಹಾಡು ತುಂಬುತ್ತಿರುವಷ್ಟು ಹೊತ್ತೂ ಅಂಕಲ್ ಕುಳಿತು ಕೇಳುತ್ತಿದ್ದರು. "ಕೇಳ್ದೇ ತುಂಬ್ಸೋಕೆ ಇದೇನು ಬಿಂದಿಗೆನಾಮ್ಮಾ?" ಅನ್ನುತ್ತಿದ್ದರು.

ನಮ್ಮದು ದೊಮ್ಮಲೂರಿನ ಹಳೇ ಮನೆತನ. ಅಜ್ಜನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಅಂಥ ಮನೆಯಲ್ಲಿ ನಾನೊಬ್ಬಳು ಗಿಟಾರಿನ ಹುಚ್ಚು ಹಿಡಿಸಿಕೊಂಡಿದ್ದೆ. "ಆ ದೊರೆಗಳು ಯಾಕೇ ಹಂಗೆ ಅರಚ್ಕೋತಾರೆ? ಹೊಟ್ಟೆನೋವಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಅಂಕಲ್ ಒಬ್ಬರೇ ನನ್ನ ಪಟ್ಟಿ ಓದಿ ತಲೆದೂಗಿ, ಕಣ್ಣು ಎಂದು ಮುದ್ದಿನಿಂದ ಕರೆಯುತ್ತಿದ್ದದ್ದು. ಹದಿನೇಳನೇ ವಯಸ್ಸಿನಲ್ಲಿ ಅಷ್ಟು ಸಾಕು, ಆ ಮನುಷ್ಯ ದೇವರಾಗಲು.

ನಾನು ಕೇಳಿದ ಒಂದು ಉದ್ದನೆಯ ಹಾಡಿನ ನಡುವೆ ಬರೀ ಗಿಟಾರು ನುಡಿಯುವ ಭಾಗವೊಂದಿತ್ತು. ಅಂಕಲ್ ಕೊಟ್ಟ ಕ್ಯಾಸೆಟ್ಟಿನಲ್ಲಿ ಸರಿಯಾಗಿ ಅಲ್ಲಿಗೆ ಬಂದಾಗ ಚಟಚಟ ಸದ್ದು, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಕ್ಯಾಸೆಟ್ ಹಿಡಿದುಕೊಂಡು ಹೋಗಿ ದೂರು ಹೇಳಿದೆ. "ಬೇರೆ ಪ್ಲೇಟ್ ಇಲ್ವಾ ಅಂಕಲ್?"

"ಇದೇ ಇರ್ಲಿ ಕಣ್ಣು. ಕೇಳ್ತಾ ಕೇಳ್ತಾ ಅಭ್ಯಾಸ ಆಗತ್ತೆ" ಎಂದು ನಕ್ಕರು.

ಅಭ್ಯಾಸವೂ ಆಯಿತು. ಆ ಚಟಚಟ ಯಾಕಿತ್ತು ಅನ್ನುವುದು ನನಗೆ ತಿಳಿದದ್ದು ಹದಿನೈದು ವರ್ಷ ಕಳೆದ ಮೇಲೆ, ತಿಳಿಯಬಾರದ ರೀತಿಯಲ್ಲಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅಂಕಲ್‌ಗೆ ಒಬ್ಬ ತಮ್ಮನಿದ್ದ. ಮರ್ಫಿ ಟೌನಿನ ಒಂದೇ ಕೋಣೆಯ ಮನೆಯಲ್ಲಿ ಅಣ್ಣತಮ್ಮಂದಿರು ಬೆಳೆದದ್ದು. ತಮ್ಮ ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ, ಆ ಪ್ಲೇಟಿನಿಂದಲೇ ಗಿಟಾರು ಕಲಿತ. ಪ್ಲೇಟಿನ ಮೇಲೆ ಓಡುವ ಗ್ರಾಮಫೋನಿನ ಮುಳ್ಳನ್ನು ಎತ್ತುವುದು, ಅದೇ ಜಾಗಕ್ಕೆ ಇಡುವುದು, ಎರಡು ಸ್ವರ ಕೇಳುವುದು, ನುಡಿಸಿ ನೋಡುವುದು, ಮತ್ತೆ ಎತ್ತುವುದು. ವರ್ಷಗಟ್ಟಲೆ. ಇಪ್ಪತ್ತೆರಡಕ್ಕೇ ಕಾಮಾಲೆ ಬಂದು ಹೋಗಿಬಿಟ್ಟ. ಅವನದೊಂದು ಫೋಟೋ ಇತ್ತು, ಗಿಟಾರು ಮಾರಿಹೋಗಿತ್ತು, ನುಡಿಸಿದ್ದನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಉಳಿದದ್ದು ಅವನು ಮುಳ್ಳಿಟ್ಟು ಇಟ್ಟು ಸವೆಸಿದ ಆ ಜಾಗ ಒಂದೇ. ಲಿಂಗರಾಜಪುರದಿಂದ ಕೆ.ಆರ್. ಪುರದವರೆಗೆ ಯಾರು ಆ ಹಾಡು ಕೇಳಿದರೂ ಅಂಕಲ್ ತಮ್ಮನನ್ನೂ ಸೇರಿಸಿ ತುಂಬಿಸಿ ಕೊಡುತ್ತಿದ್ದರು. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

ಮುಂದೆ ನನ್ನ ಹೊಟ್ಟೆಪಾಡೂ ಸದ್ದಿನದೇ ಆಯಿತು. ರೇಡಿಯೋ ಜಾಹೀರಾತುಗಳನ್ನು ಮಾಡುವ ಒಂದು ಚಿಕ್ಕ ಸ್ಟುಡಿಯೋದಲ್ಲಿ ಧ್ವನಿ ತಿದ್ದುವ ಕೆಲಸ. ಮಾತಾಡಿದವರ ಕೆಮ್ಮು, ಉಗುಳು ನುಂಗಿದ್ದು, ಫ್ಯಾನಿನ ಗುಂಯ್‌ಗುಡುವಿಕೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯಬೇಕು. ನನ್ನ ಕಿವಿಗೆ ಸಣ್ಣ ಕೊಳೆಯೂ ತಪ್ಪುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಮದುವೆಯಾಗಿ ಮನೆ ಬದಲಿಸುವಾಗ ಅಂಕಲ್ ತುಂಬಿಸಿ ಕೊಟ್ಟಿದ್ದ ಕ್ಯಾಸೆಟ್ಟುಗಳನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿದ್ದೆ. ಅಷ್ಟೊತ್ತಿಗೆ ಸಿ.ಡಿ. ಬಂದಿತ್ತಲ್ಲ.

ಹೊಸ ಶತಮಾನ ಹುಟ್ಟಿ ಏಳೆಂಟು ವರ್ಷವಾಗಿರಬೇಕು. ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟು ಹಾಡು ಇಳಿಸಿಕೊಳ್ಳುವ ಅಂಗಡಿಗಳಲ್ಲಿ ಹಳೆಯ ರಾಕ್ ಬ್ಯಾಂಡುಗಳು ಒಂದೊಂದಾಗಿ ಬಂದು ಸೇರುತ್ತಿದ್ದವು. ಕೊನೆಯವರೆಗೂ ಒಲ್ಲೆ ಒಲ್ಲೆ ಅನ್ನುತ್ತಿದ್ದ ನಮ್ಮ ಹಾಡಿನ ಹಠಮಾರಿಗಳೂ ಒಪ್ಪಿದರು ಎಂದು ಪೇಪರಿನಲ್ಲಿ ಓದಿ ನಾನು ಕುಣಿದಾಡಿಬಿಟ್ಟೆ. ಆ ವಾರವೇ ಅಂಕಲ್ ಯಾರಿಂದಲೋ ವಿಳಾಸ ತಿಳಿದುಕೊಂಡು ಸ್ಟುಡಿಯೋಗೆ ಬಂದರು, ಕಂಕುಳಲ್ಲಿ ಬಟ್ಟೆ ಸುತ್ತಿದ ಪ್ಲೇಟು. ಕೂದಲೆಲ್ಲ ಬೆಳ್ಳಗಾಗಿತ್ತು. ಅಂಗಡಿಯ ಕಟ್ಟಡ ಒಡೆಯುತ್ತಿದ್ದರಂತೆ. ಮಿಕ್ಕ ಪ್ಲೇಟುಗಳನ್ನೂ ಮೆಷಿನ್ನುಗಳನ್ನೂ ಮಾರಿಬಿಟ್ಟಿದ್ದರು.

ನಾನು ಸುದ್ದಿ ಹೇಳಿದೆ. ಅವರು ಎಡಗಿವಿಯನ್ನು ಬಿಟ್ಟು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡರು.

"ಅಂಗಡೀನೇ ಇಲ್ದಿರೋ ಅಂಗಡೀನಾ? ಎಲ್ಲಾರ್ಗೂ ಒಂದೇ ಪ್ಲೇಟಾ?"

"ಒಂದೇ ಅಂಕಲ್. ಎಷ್ಟು ಸಲ ಹಾಕಿದ್ರೂ ಸವೆಯಲ್ಲ."

"ಒಳ್ಳೇದಾಯ್ತು ಬಿಡು" ಎಂದು ಬಟ್ಟೆ ಬಿಚ್ಚಿದರು. ಪ್ಲೇಟಿನ ಅಂಚಿನಲ್ಲಿ ಸೀಳೊಂದು ಕಾಣಿಸಿಕೊಂಡಿತ್ತು. "ಇದನ್ನ ನಿನ್ ಕಂಪ್ಯೂಟರ್‌ಗೆ ಹಾಕಿ ಒಂದ್ ಸಿ.ಡಿ. ಮಾಡ್ಕೊಡಮ್ಮಾ. ಇರೋ ಹಂಗೇ. ಒಂದು ಕಿವಿ ಆಗ್ಲೇ ಹೋಯ್ತು, ಇನ್ನೊಂದೂ ಜಾಸ್ತಿ ದಿನ ಇರಲ್ಲ ಅಂದ್ರು ಡಾಕ್ಟ್ರು. ಅಷ್ಟ್ರೊಳಗೆ ಚೆನ್ನಾಗಿ ಕೇಳ್ಕೊಂಡ್ಬಿಡ್ಬೇಕು."

ಇರೋ ಹಂಗೇ. ಸರಿಯಾಗಿ ಕೇಳಿಸಿತ್ತು ನನಗೆ. ಕೇಳಿಸದೇ ಇರಲು ನನ್ನ ಕಿವಿಗೇನಾಗಿತ್ತು?

ಅವರೆದುರೇ ಸ್ಟುಡಿಯೋದ ಹಳೇ ಪ್ಲೇಯರಿನಲ್ಲಿ ಪ್ಲೇಟನ್ನು ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಹಾಡು ಮುಗಿದು ಪ್ಲೇಟನ್ನು ಎತ್ತುವಾಗ ಸೀಳು ನಡುವಿನವರೆಗೂ ಓಡಿ, ಪ್ಲೇಟು ನನ್ನ ಕೈಯಲ್ಲೇ ಎರಡಾಯಿತು. ನನಗೆ ಅಳು ಬಂತು. ಅಂಕಲ್ ನನ್ನ ತಲೆ ತಟ್ಟಿ, "ಕಂಪ್ಯೂಟರ್‌ಗೆ ಬಂತಲ್ಲಾ, ಬಿಡು" ಎಂದರು.

ಅವರು ಹೋದ ಮೇಲೆ ಋಣ ತೀರಿಸುವ ಹುಮ್ಮಸ್ಸಿನಲ್ಲಿ ಕೆಲಸಕ್ಕೆ ಕುಳಿತೆ. ಆ ಚಟಚಟಗಳನ್ನು ಒಂದೊಂದಾಗಿ ಹುಡುಕಿ, ಎರಡು ಸಂಜೆ ಕುಳಿತು, ತಲೆಯಲ್ಲಿ ಹೇನು ಹೆಕ್ಕಿದಂತೆ ಹೆಕ್ಕಿದೆ. ಆದರೂ ಸವೆದ ಜಾಗ ಮಂಕಾಗಿಯೇ ಇತ್ತು. ಆ ಹೊಸ ಅಂಗಡಿ ಇನ್ನೂ ನಮ್ಮ ದೇಶಕ್ಕೆ ಬಂದಿರಲಿಲ್ಲ, ಹೊರದೇಶದಲ್ಲಿದ್ದ ಗೆಳತಿಗೆ ಹೇಳಿ ಅಲ್ಲಿಂದ ಹಾಡು ತರಿಸಿದೆ. ಥಳಥಳ ಹೊಳೆಯುವ ಗಿಟಾರು! ಅಷ್ಟು ಭಾಗವನ್ನು ಕತ್ತರಿಸಿ ಅಂಕಲ್‌ರ ಹಾಡಿಗೆ ಕೂರಿಸಿದೆ. ಹೊಲಿಗೆ ಎಲ್ಲಿದೆ ಎಂದು ನನಗೇ ತಿಳಿಯದಷ್ಟು ನಾಜೂಕಾಗಿ ಕೂತಿತು. ಶನಿವಾರ ಸ್ಟುಡಿಯೋದಲ್ಲಿ ಆ ವಾರದ ಕಚ್ಚಾ ಫೈಲುಗಳನ್ನೆಲ್ಲ ಅಳಿಸುವ ಪದ್ಧತಿ. ಅಂಕಲ್‌ರ ಪ್ಲೇಟಿನಿಂದ ಇಳಿಸಿಕೊಂಡಿದ್ದನ್ನೂ ಸೇರಿಸಿ ಅಳಿಸಿದೆ.

ಭಾನುವಾರ ಸಿ.ಡಿ. ತೆಗೆದುಕೊಂಡು ಮರ್ಫಿ ಟೌನಿಗೆ ಹೋದೆ. ಅಂಕಲ್ ಬಲಗಿವಿಯನ್ನು ಸ್ಪೀಕರಿಗೆ ಹತ್ತಿರ ತಂದು ಕುಳಿತರು. ಗಿಟಾರಿನ ಭಾಗ ಬಂತು, ಹೋಯಿತು. ಹಾಡು ಮುಗಿಯಿತು. ನಾನು ಶಾಭಾಸ್‌ಗಿರಿಗೆ ಕಾಯುತ್ತಿದ್ದೆ.

"ತುಂಬಾ ಕ್ಲೀನಾಗಿದೆಮ್ಮಾ" ಎಂದರು. ಆಮೇಲೆ ಗೋಡೆಯ ಮೇಲಿದ್ದ ಫೋಟೋ ಕಡೆ ನೋಡುತ್ತಾ, ತೀರಾ ಮೆತ್ತಗೆ, "ನಮ್ ಹುಡ್ಗ ಎಲ್ಲಿ?" ಎಂದರು.

ತಮ್ಮನ ಕಥೆ ಅವರು ಹೇಳಿದ್ದು ಆಗಲೇ. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಲೆದ್ದು ನನಗೆ ಟೀ ಮಾಡಿಕೊಟ್ಟರು. ನಾನು ಕಾಲು ಹಿಡಿಯಲು ಹೋದರೆ, "ಅಯ್ಯೋ, ನಿಂಗೆ ಹೇಗ್ ಗೊತ್ತಾಗ್ಬೇಕು, ನಾನಾದ್ರೂ ಹೇಳ್ಬೇಕಿತ್ತು" ಎಂದರು. ಅವರ ಹತ್ತಿರ ಆ ಹಾಡಿನ ಒಂದು ಕ್ಯಾಸೆಟ್ಟೂ ಇರಲಿಲ್ಲ. ಪ್ಲೇಟೇ ಇರುವಾಗ ನಕಲು ಯಾಕೆ ಅಂದುಕೊಂಡಿದ್ದರಂತೆ.

ಸೋಮವಾರ ಎಲ್ಲರಿಗಿಂತ ಮುಂಚೆ ಸ್ಟುಡಿಯೋಗೆ ಓಡಿ ಅಳಿಸಿದ ಫೈಲು ಮರಳಿ ಸಿಗುತ್ತದೇನೋ ಎಂದು ತಡಕಾಡಿದೆ. ಸಿಗಲಿಲ್ಲ. ಆಮೇಲೆ ಶುರುವಾಯಿತು ನನ್ನ ಭಿಕ್ಷಾಟನೆ. ಅಂಕಲ್ ಅಂಗಡಿಗೆ ಬರುತ್ತಿದ್ದವರನ್ನು ಒಬ್ಬರಿಂದ ಒಬ್ಬರಂತೆ ಹುಡುಕಿಕೊಂಡು ಹೋಗಿ, "ಅಟ್ಟದ ಮೇಲೆ ಹಳೇ ಕ್ಯಾಸೆಟ್ ಇದ್ಯಾ?" ಎಂದು ಕೇಳಿದೆ. ಎಷ್ಟೋ ಅಟ್ಟಗಳ ಧೂಳು ಕುಡಿದೆ. ಸಿಕ್ಕ ಒಂದು ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಇನ್ನೊಂದರ ಮೇಲೆ ಯಾರೋ ಮಗುವಿನ ನಾಮಕರಣದ ಗಲಾಟೆ ರೆಕಾರ್ಡ್ ಮಾಡಿಕೊಂಡಿದ್ದರು. ಅಂಕಲ್‌ರ ದುಂಡನೆಯ ಕೈಬರಹದಲ್ಲಿ ಆ ಹಾಡಿನ ಹೆಸರಿದ್ದ ಒಂದು ಡಬ್ಬಿಯೂ ಸಿಕ್ಕಿತು, ಒಳಗೆ ಕ್ಯಾಸೆಟ್ ಇರಲಿಲ್ಲ. ತಿಂಗಳಿಗೊಮ್ಮೆ ಮರ್ಫಿ ಟೌನಿಗೆ ಹೋದಾಗಲೆಲ್ಲ ನಾನು ಧ್ವನಿ ಏರಿಸಬೇಕಾಗುತ್ತಿತ್ತು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಜೋರಾಗಿ...

ಎರಡು ವರ್ಷದ ಹತ್ತಿರ ಹತ್ತಿರ, ಲಿಂಗರಾಜಪುರದ ಗ್ಯಾರೇಜಿನವರೊಬ್ಬರು ಫೋನ್ ಮಾಡಿದರು. ಅವರೂ ಅಂಕಲ್‌ರ ಹಳೇ ಗಿರಾಕಿ, ಅಂಕಲ್‌ರನ್ನು ಚಾಚಾ ಎನ್ನುತ್ತಿದ್ದರು. ಮೂಲೆಯಲ್ಲಿ ಇಟ್ಟಿಗೆ ಮೇಲೆ ನಿಲ್ಲಿಸಿದ್ದ ಒಂದು ಹಳೇ ಕಾರಿನ ಟೇಪಿನೊಳಗೆ ಆ ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತ್ತು. "ಹೊರಗೆ ಬರಲ್ಲ ಮೇಡಂ, ನಾನೂ ನೋಡ್ದೆ. ಅದಕ್ಕೇ ಉಳ್ಕೊಂಡಿದೆ ಅನ್ಸತ್ತೆ. ಆದ್ರೆ ಹಾಡತ್ತೆ. ಚಾಚಾನ್ನ ಇಲ್ಲಿಗೇ ಕರ್ಕೊಂಡ್ ಬನ್ನಿ."

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಅಂಕಲ್‌ರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು. ಗ್ಯಾರೇಜಿನವರು ಕಾರಿಗೆ ಬೇರೊಂದು ಬ್ಯಾಟರಿ ಜೋಡಿಸಿಕೊಟ್ಟು ದೂರ ಹೋಗಿ ನಿಂತರು. ನಾನು ಸ್ಟೇರಿಂಗ್ ಮುಂದೆ, ಅಂಕಲ್ ಪಕ್ಕದ ಸೀಟಿನಲ್ಲಿ, ಬಲಗಿವಿ ಟೇಪಿನ ಕಡೆಗೆ. ಸ್ಟುಡಿಯೋದಿಂದ ತಂದಿದ್ದ ಪುಟ್ಟ ರೆಕಾರ್ಡರನ್ನು ಇಬ್ಬರ ನಡುವೆ ಇಟ್ಟೆ. ಗುಂಡಿ ಒತ್ತಿದೆ. ಹಾಡು ಬಂತು. ನಡುವಿನ ಗಿಟಾರಿಗೆ ಬರುತ್ತಿದ್ದ ಹಾಗೇ, ಇತ್ತು, ಚಟಚಟ, ಸಾಸಿವೆ ಸಿಡಿದ ಹಾಗೆ! ನನಗೆ ಕಣ್ಣೀರು ಕಿತ್ತುಕೊಂಡು ಬಂತು.

ಅಂಕಲ್ ಕಣ್ಣು ಮುಚ್ಚಿದ್ದರು. "ಬಂದ್ನಾ?" ಎಂದರು.

"ಬಂದ ಅಂಕಲ್! ಕೇಳ್ತಿಲ್ವಾ?" ಎಂದು ಕೂಗಿದೆ.

ಇಲ್ಲವೆಂದು ತಲೆಯಾಡಿಸಿದರು. "ಗಿಟಾರ್ ಎಲ್ಲೋ ದೂರದಲ್ಲಿ ಕೇಳ್ತಿದೆ. ಅವನು ಕೇಳ್ತಿಲ್ಲ."

ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದು ಇಂಥ ಚಿಕ್ಕ ಸದ್ದುಗಳೇ. ನನ್ನ ಕಸುಬಿನಲ್ಲಿ ಅದು ಎಲ್ಲರಿಗೂ ಗೊತ್ತಿರುವ ಮಾತು. ಆ ಶನಿವಾರ ನಾನು ಸುಮ್ಮನಿದ್ದಿದ್ದರೆ ಆ ಎರಡು ವರ್ಷವೂ ಅವರು ಕೇಳಿಕೊಂಡಿರಬಹುದಿತ್ತು. ದಿನಾ ಕೇಳಬಹುದಿತ್ತು.

ಹಾಡು ಹಿಂದಕ್ಕೆ ತಿರುಗಿಸಿದೆ. ಅಂಕಲ್ ತಮ್ಮ ಅಂಗೈಯನ್ನು ನನ್ನ ಮುಂದೆ ಚಾಚಿದರು. "ಇಲ್ಲಿ ಹೇಳು."

ಆ ಚಟಚಟಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದವಳು ನಾನೇ. ಯಾವುದರ ಹಿಂದೆ ಯಾವುದು, ಎಲ್ಲಿ ಎರಡು ಜೋಡಿಯಾಗಿ, ಎಲ್ಲಿ ಸ್ವಲ್ಪ ಬಿಟ್ಟು ಒಂದು, ಎಲ್ಲ ಬಾಯಿಪಾಠವಿತ್ತು. ತೋರುಬೆರಳಿನಿಂದ ಅವರ ಅಂಗೈ ಮೇಲೆ ತಟ್ಟುತ್ತಾ ಹೋದೆ. ಅಂಕಲ್ ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ಮೂರು ಸಲ ಬೇಗ ಬೇಗ ತಟ್ಟಿದಾಗ, "ಇಲ್ಲೇ... ಇಲ್ಲೇ ಅವನಿಗೆ ಬರ್ತಾನೇ ಇರ್ಲಿಲ್ಲ" ಎಂದು ನಕ್ಕರು. ಗಿಟಾರು ಮುಗಿದು ಹಾಡುವವನು ಮತ್ತೆ ಶುರುಮಾಡಿದಾಗ ನಾನು ಬೆರಳು ತೆಗೆದೆ. ಅವರು ಮುಷ್ಟಿ ಮುಚ್ಚಿಕೊಂಡರು.

"ಸಾಕು ಕಣ್ಣು. ಮನೆಗೆ ಹೋಗೋಣ."

ಆಟೋದಲ್ಲಿ ಮರ್ಫಿ ಟೌನಿನವರೆಗೂ ಆ ಮುಷ್ಟಿ ಬಿಚ್ಚಲಿಲ್ಲ. ಇಳಿಯುವಾಗಲೂ ಇನ್ನೊಂದು ಕೈಯಿಂದಲೇ ಕಂಬಿ ಹಿಡಿದು ಇಳಿದರು.

ಮುಂದಿನ ಯುಗಾದಿಗೆ ಅಂಕಲ್ ಇರಲಿಲ್ಲ. ಆ ಕಾರೂ ಗುಜರಿಗೆ ಹೋಯಿತು. ನನ್ನ ರೆಕಾರ್ಡರಿನಲ್ಲಿ ಬಂದದ್ದು ಮಾತ್ರ ಇದೆ. ಅದರಲ್ಲಿ ಹಾಡಿದೆ, ಚಟಚಟವಿದೆ, ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುವ ಸದ್ದಿದೆ, ನಾನು ಮೂಗು ಎಳೆದುಕೊಳ್ಳುವುದಿದೆ, ಅಂಕಲ್‌ರ ನಗುವಿದೆ. ಯಾವುದನ್ನೂ ನಾನು ಮುಟ್ಟಿಲ್ಲ. ಇರೋ ಹಂಗೇ ಇದೆ. ಕೇಳಬೇಕಾದವರು ಇಲ್ಲ.

ಈಗ ಆ ಹಾಡು ಯಾರಿಗೆ ಬೇಕಾದರೂ ಕ್ಷಣದಲ್ಲಿ ಸಿಗುತ್ತದೆ. ಮೊನ್ನೆ ಲ್ಯಾಬಿನಿಂದ ಹೊರಟು ನಾನೂ ಫೋನಿನಲ್ಲಿ ಹಾಕಿಕೊಂಡು ಕೇಳಿದೆ. ಸ್ವಚ್ಛವಾದ ಗಿಟಾರು ಬಂತು, ನನ್ನ ಬೆರಳು ತನ್ನಷ್ಟಕ್ಕೆ ತಾನೇ ತೊಡೆಯ ಮೇಲೆ ತಟ್ಟತೊಡಗಿತು. ಅದಕ್ಕೂ ಮುಂಚೆ, ಒಳಗೆ, ಸೂಜಿ ತೆಗೆದು ಹತ್ತಿ ಒತ್ತಿಟ್ಟು, "ಆಯ್ತು ಮೇಡಂ, ಮುಷ್ಟಿ ಬಿಡಿ" ಅಂದಿದ್ದಳು ಆ ಹುಡುಗಿ. ಎರಡು ಸಲ ಹೇಳಿದಳು. ನನಗೆ ಬಿಡಲಾಗಲಿಲ್ಲ.